ನೂರು ಕೆ.ಜಿ. ಆಸಾಮಿ ಸ್ಯಾಡಲ್‌ಗೆ ಸ್ಟೆಪ್ಪು, ಪ್ಲಾಟ್‌ಫಾರ್ಮ್ ಆರಿಸಿದ್ದು – ನನ್ನ ಅನುಭವ

ನೂರು ಕೆ.ಜಿ. ತೂಕದವನು ಸ್ಯಾಡಲ್‌ನಲ್ಲಿ (ಸೊಂಟಕ್ಕೆ ಕಟ್ಕೊಂಡು ಮರದಿಂದ ನೇತಾಡೋ ಪಟ್ಟಿ) ನೇತಾಡ್ಕೊಂಡು ಬೋ ಹಂಟಿಂಗ್ (ಬಿಲ್ಲಲ್ಲಿ ಜಿಂಕೆ ಬೇಟೆ) ಮಾಡೋದಾ, ಸುಮ್ನೆ ಒಂದು ಲ್ಯಾಡರ್ ಸ್ಟ್ಯಾಂಡ್ ಹಾಕ್ಕೊಂಡು ಕೂತ್ಕೊ ಮಾರಾಯ ಅಂದವ್ರೆಲ್ಲ ಈಗ "ಗೌಡ್ರೆ ಯಾವ ಸ್ಟಿಕ್ ತಗೊಳ್ಳೋದು, ಪ್ಲಾಟ್‌ಫಾರ್ಮ್ ಎಷ್ಟು ದೊಡ್ಡದು ಬೇಕು" ಅಂತ ಕೇಳ್ತಿದಾರೆ. ಸ್ಟಿಕ್ ಅಂದ್ರೆ ಮರಕ್ಕೆ ಕಟ್ಟಿ ಹತ್ತೋ ತುಂಡು ಏಣಿ, ಕಾಲಿಡೋ ಜಾಗ ಸ್ಟೆಪ್ಪು, ಪ್ಲಾಟ್‌ಫಾರ್ಮ್ ಅಂದ್ರೆ ಮೇಲೆ ಹೋದಮೇಲೆ ನಿಲ್ಲೋ ಪುಟ್ಟ ಅಟ್ಟಣೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಯ್ತು, ಅದಕ್ಕೆ ಒಂದ್ಸಲ ಬರೆದು ಬಿಸಾಕ್ತೀನಿ. ಟೆದರ್ (ಮರಕ್ಕೆ ಕಟ್ಟಿ ನೇತಾಡೋ ಹಗ್ಗ) ಅಂದ್ರೇನು, ಲೈನ್‌ಮನ್ ಬೆಲ್ಟ್ (ಹತ್ತೋವಾಗ ಮರದ ಸುತ್ತ ಹಾಕೋ ಹಗ್ಗ) ಯಾಕೆ, ಬ್ರಿಡ್ಜ್ (ಸ್ಯಾಡಲ್ಲನ್ನ ಟೆದರ್‌ಗೆ ಸೇರಿಸೋ ಹಗ್ಗ) ಎಷ್ಟುದ್ದ ಇರಬೇಕು ಇದೆಲ್ಲ ನಿಮಗೆ ಗೊತ್ತಿದೆ ಅನ್ಕೊಂಡೇ ಬರೀತಿದೀನಿ, ಗೊತ್ತಿಲ್ಲದವ್ರು ಮೊದಲು ನೆಲದಿಂದ ಒಂದಡಿ ಮೇಲೆ ನೇತಾಡಿ ಕಲ್ತು ಆಮೇಲೆ ಬನ್ನಿ.

ನಂದು ಮಿಷಿಗನ್, ಡೆಟ್ರಾಯ್ಟ್ ಹತ್ರ ಆಟೋ ಕಂಪನಿ ಕೆಲಸ, ಊರು ತೀರ್ಥಹಳ್ಳಿ ಕಡೆ. ಊರಲ್ಲಿ ಶಿಕಾರಿ ಅನ್ನೋದು 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅಜ್ಜಂದಿರ ಕತೆಯಲ್ಲಿ ಮಾತ್ರ, ಇಲ್ಲಿ ಹಂಗಲ್ಲ, ಹಂಟರ್ ಸೇಫ್ಟಿ ಕ್ಲಾಸ್ ಮಾಡಿ ಲೈಸೆನ್ಸ್ ತಗೊಂಡ್ರೆ ಅಕ್ಟೋಬರ್ 1ರಿಂದ ನವೆಂಬರ್ 14ರವರೆಗೆ, ಆಮೇಲೆ ಗನ್ ಸೀಸನ್ ಮುಗಿದು ಡಿಸೆಂಬರ್ 1ರಿಂದ ಜನವರಿ 1ರವರೆಗೆ ಬೋ ಹಿಡ್ಕೊಂಡು ಹೋಗಬಹುದು. ನನಗೆ ಸ್ವಂತ ಜಮೀನಿಲ್ಲ, ಪೂರ್ತಿ ಪಬ್ಲಿಕ್ ಲ್ಯಾಂಡ್, ವಾಟರ್‌ಲೂ ಕಡೆ ಜಾಸ್ತಿ. ಅಂದ್ರೆ ಪಾರ್ಕಿಂಗ್ ಬಿಟ್ಟು ಮುಕ್ಕಾಲು ಮೈಲಿ, ಒಂದು ಮೈಲಿ ಕೆಸರಲ್ಲಿ ಎಲ್ಲ ಹೊತ್ಕೊಂಡು ಹೋಗಬೇಕು, ಯಾಕಂದ್ರೆ ರೋಡ್ ಪಕ್ಕದ ಓಕ್ ಕೆಳಗೆ ಜಿಂಕೆಗಿಂತ ಜನನೇ ಜಾಸ್ತಿ.

ಎಲ್ಲರೂ ಮೊದಲು ಪ್ಲಾಟ್‌ಫಾರ್ಮ್ ಕೊಳ್ತಾರೆ, ಆಮೇಲೆ ಸ್ಟೆಪ್. ನಾನು ಹೇಳೋದು ಪೂರ್ತಿ ಉಲ್ಟಾ. ಮೊದಲು ಬೂಟು, ಆಮೇಲೆ ಸ್ಟೆಪ್ಪು, ಕೊನೆಗೆ ಪ್ಲಾಟ್‌ಫಾರ್ಮ್. ಮೆತ್ತನೆ ರಬ್ಬರ್ ಬೂಟ್ ಹಾಕ್ಕೊಂಡು ಎಷ್ಟೇ ದೊಡ್ಡ ಪ್ಲಾಟ್‌ಫಾರ್ಮ್ ಮೇಲೆ ನಿಂತ್ರೂ ಎರಡನೇ ಗಂಟೆಗೆ ಪಾದದ ಮಧ್ಯ ಸೀಳಿದಂಗೆ ನೋಯುತ್ತೆ, ಅದೇ ಗಟ್ಟಿ ಸೋಲ್ ಇರೋ ಹೈಕಿಂಗ್ ಬೂಟ್ ಆದ್ರೆ ಅಂಗೈ ಅಗಲದ ಸ್ಟೆಪ್ ಮೇಲೂ ನಾಲ್ಕು ಗಂಟೆ ನಿಲ್ಲಬಹುದು. ನನ್ನ ಎರಡು ಸೀಸನ್ನು, ಸುಮಾರು 900 ಡಾಲರ್ ಇದನ್ನ ಕಂಡುಕೊಳ್ಳೋಕೆ ಹೋಯ್ತು.

ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ಮೊದಲು ತಗೊಂಡಿದ್ದು ಮೂವತ್ತು ಇಂಚಿನ ನಾಲ್ಕು ಸ್ಟಿಕ್, ಬಕಲ್ ಸ್ಟ್ರಾಪ್ ಸಮೇತ ಸೆಕೆಂಡ್ ಹ್ಯಾಂಡ್ 110 ಡಾಲರೋ 120 ಡಾಲರೋ, ಒಟ್ಟು ಹನ್ನೆರಡು ಪೌಂಡ್ ಹತ್ರ ತೂಕ. ಇಪ್ಪತ್ತು ಅಡಿ ಆರಾಮಾಗಿ ಹತ್ತಬಹುದು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೆನ್ನಿಗೆ ಕಟ್ಕೊಂಡು ಪೊದೆ ಒಳಗೆ ನುಗ್ಗಿದ್ರೆ ಮದುವೆ ಮನೆ ಹಿತ್ತಲಲ್ಲಿ ಪಾತ್ರೆ ತೊಳೆದಂಗೆ ಸದ್ದು, ಮುಕ್ಕಾಲು ಮೈಲಿಗೂ ಕೇಳಿಸಬೇಕು ಅದು. ಬಕಲ್‌ಗಳು ಬೇರೆ ಚಳಿಯಲ್ಲಿ ಕೈಗೆ ಅಂಟ್ಕೊಂಡು ಜಾರಿ ಸ್ಟಿಕ್‌ಗೆ ಹೊಡೀತಿದ್ವು. ಸದ್ದು ಕಡಿಮೆ ಮಾಡೋಕೆ ಹಾಕಿ ಆಟದವ್ರು ಸುತ್ತೋ ಟೇಪ್ ಸುತ್ತಿದೆ, ಸೈಕಲ್ ಹ್ಯಾಂಡಲ್ ಟೇಪ್ ಸುತ್ತಿದೆ, ಅಂಗಡಿಯಲ್ಲಿ ಸಿಗೋ ಅಂಟಿನ ಫೋಮ್ ಪಟ್ಟಿ ಹಚ್ಚಿದೆ. ಅಂಟಿನ ಪಟ್ಟಿ ಬೇಸಿಗೆಯಲ್ಲಿ ಗ್ಯಾರೇಜಲ್ಲಿ ಹಚ್ಚಿದ್ರೆ ನಿಲ್ಲುತ್ತೆ, ಡಿಸೆಂಬರ್ ಚಳಿಯಲ್ಲಿ ಹಚ್ಚಕ್ಕೆ ಹೋಗಬೇಡಿ, ದುಡ್ಡು ದಂಡ. ಈಗ ನಾನು ಸುತ್ತಿರೋದು ಬೇರೆ ಒಂದು ಐಟಂ, ಇಂಡಿಯನ್ ಸ್ಟೋರಲ್ಲೇ ಸಿಗುತ್ತೆ, ಮೂರು ಡಾಲರ್ ಒಳಗೆ. ಅದೇನು ಅಂತ ಹೇಳಲ್ಲ, ಮುಂದಿನ ವರ್ಷ ಎಲ್ಲರ ಸ್ಟಿಕ್ಕೂ ಸೈಲೆಂಟ್ ಆದ್ರೆ ನನ್ನ ಗತಿ ಏನು.

ಆಮೇಲೆ ಒನ್ ಸ್ಟಿಕ್ ಹುಚ್ಚು. ಒಂದೇ ಸ್ಟಿಕ್ಕು, ಮೂವತ್ತೈದು ಅಡಿ ಎಂಟು ಎಂಎಂ ಹಗ್ಗ, ಹತ್ತೋವಾಗ ಸ್ಟಿಕ್ ಬಿಚ್ಚಿ ಬಿಚ್ಚಿ ಮೇಲಕ್ಕೆ ಕಟ್ಟೋದು, ಇಳಿಯೋವಾಗ ಫಿಗರ್ ಎಯ್ಟ್ (ಎಂಟರ ಆಕಾರದ ಲೋಹದ ಬಳೆ) ಹಾಕಿ ಹಗ್ಗದ ಮೇಲೆ ಜಾರಿ ಇಳಿಯೋ ರ‍್ಯಾಪೆಲ್. ಇಳಿಯೋದು ಸ್ವರ್ಗ ರೀ, ಅದನ್ನ ಮಾತ್ರ ಈಗಲೂ ನೆನೆಸ್ಕೊಳ್ತೀನಿ. ಹತ್ತೋದು ಮಾತ್ರ ನನ್ನಂಥವರಿಗಲ್ಲ. ಪ್ರತಿ ಸಲ ಟೆದರ್‌ನಲ್ಲಿ ಪೂರ್ತಿ ನೇತಾಡಿ, ಬಗ್ಗಿ ಸ್ಟಿಕ್ ಕಿತ್ತು, ಮತ್ತೆ ಕಟ್ಟಿ, ಕಾಲು ಎತ್ತಿಟ್ಟು ಎದ್ದೇಳಬೇಕು, ಹದಿನೈದು ಅಡಿ ಮುಟ್ಟೋಷ್ಟರಲ್ಲಿ ಒಳಗಿನ ಬನಿಯನ್ ಹಿಂಡಿದ್ರೆ ನೀರು ಬರೋಷ್ಟು ಬೆವರು, ಆ ಬೆವರಿಗೆ ನವೆಂಬರ್ ಗಾಳಿ ಬಡಿದ್ರೆ ಅರ್ಧ ಗಂಟೆಗೆ ಹಲ್ಲು ಕಟಕಟ, ಅದರ ಮೇಲೆ ಬೆವರಿನ ವಾಸನೆ ಜಿಂಕೆಗೆ ಫ್ರೀ ಇನ್ವಿಟೇಶನ್ ಅಲ್ಲ, ಫ್ರೀ ವಾರ್ನಿಂಗು. ಎಪ್ಪತ್ತು ಕೆ.ಜಿ. ಹುಡುಗ್ರು ಮಾಡ್ಕೊಳ್ಳಲಿ. ಹಗ್ಗ, ಫಿಗರ್ ಎಯ್ಟ್ ಎಲ್ಲ ಮಾರಿದ್ದರಲ್ಲಿ ಅರವತ್ತು ಡಾಲರ್ ಲಾಸ್.

ನಡುವೆ ಒಂದು ತಮಾಷೆ ಪ್ರಯೋಗನೂ ಆಯ್ತು. ಊರಿಗೆ ಹೋದಾಗ ಅಡಿಕೆ ಗೊನೆ ಕೊಯ್ಯೋಕೆ ಬರ್ತಿದ್ದವರ ಹತ್ರ ಅಡಿಕೆ ಮರ ಹತ್ತೋ ತಳೆ (ಪಾದಕ್ಕೆ ಹಾಕೋ ಹಗ್ಗದ ಬಳೆ) ಮಾಡಿಸಿಕೊಂಡು ತಂದೆ, ಸೂಟ್‌ಕೇಸಲ್ಲಿ. ಈಗ ಊರಲ್ಲಿ ಅರ್ಧ ಜನ ಕಾರ್ಬನ್ ಫೈಬರ್ ದೋಟಿ ತಗೊಂಡು ನೆಲದ ಮೇಲಿಂದನೇ ಕೊಯ್ತಾರೆ, ತಳೆ ಹಾಕಿ ಹತ್ತೋರು ಸಿಗೋದೇ ಕಷ್ಟ, ನಾನು ತಳೆ ಕೇಳಿದ್ದಕ್ಕೆ ಅವರಿಗೆ ನಗು. "ಅಲ್ಲಿ ಅಡಿಕೆ ತೋಟ ಮಾಡಿದಿರಾ ಅಯ್ಯಾ?" ಅಂತ. ಇಲ್ಲಿ ಮನೆ ಹಿಂದಿನ ಮೇಪಲ್ ಮರಕ್ಕೆ ಹಾಕಿ ನೋಡಿದೆ. ಅಡಿಕೆ ಮರ ಎರಡು ಪಾದದ ನಡುವೆ ಹಿಡಿಯೋಷ್ಟೇ ದಪ್ಪ, ಅದಕ್ಕೆ ತಳೆ ಕಚ್ಚುತ್ತೆ. ಇಲ್ಲಿ ಮರ ಹದಿನಾಲ್ಕು ಇಂಚು, ಹದಿನೆಂಟು ಇಂಚು. ಪಾದ ಎರಡೂ ಕಡೆ ಚಪ್ಪಟೆಯಾಗಿ ಜಾರ್ತವೆ, ಎರಡಡಿ ಮೇಲೆ ಹೋಗಲಿಲ್ಲ. ಆದ್ರೆ ಒಂದು ವಿಷಯ ಅಲ್ಲೇ ತಲೆಗೆ ಬಂತು: ಮರ ಹತ್ತೋನಿಗೆ ಬೇಕಾಗಿರೋದು ಅಗಲವಾದ ಜಾಗ ಅಲ್ಲ, ಕಾಲು ಮರಕ್ಕೆ ಹತ್ರ ಇರೋದು. ಮರದಿಂದ ದೂರ ಹೋದಷ್ಟೂ ಕೈ ಮೇಲೆ ಭಾರ.

ಸ್ಕ್ರೂ ಇನ್ ಸ್ಟೆಪ್ ಬಗ್ಗೆ ಕೇಳ್ತಾರೆ, ಅಗ್ಗ ಅಂತ. ಮಿಷಿಗನ್ ಪಬ್ಲಿಕ್ ಲ್ಯಾಂಡಲ್ಲಿ ಮರದ ತೊಗಟೆ ಒಳಗೆ ಹೋಗೋದು ಯಾವುದೂ ಹಾಕೋ ಹಂಗಿಲ್ಲ, ಮೊಳೆ ಇಲ್ಲ, ಸ್ಕ್ರೂ ಇಲ್ಲ, ಅಲ್ಲಿಗೆ ಆ ಚರ್ಚೆ ಮುಗೀತು.

ಈಗ ಹಾಕ್ತಿರೋದು ಮೂರೇ ಮೂರು ಗಿಡ್ಡ ಸ್ಟಿಕ್, ಇಪ್ಪತ್ತು ಇಂಚಿನ ಆಸುಪಾಸು, ಡಬಲ್ ಸ್ಟೆಪ್. ಡಬಲ್ ಸ್ಟೆಪ್ಪೇ ಯಾಕೆ ಅಂದ್ರೆ ಒಂದೇ ಕಡೆ ಕಾಲಿಡೋ ಸ್ಟಿಕ್ ಮೇಲೆ ನನ್ನ ತೂಕ ಬಿದ್ರೆ ಸ್ಟಿಕ್ ಪಕ್ಕಕ್ಕೆ ತಿರುಗುತ್ತೆ, ಹಗುರ ಮನುಷ್ಯರಿಗೆ ಇದು ಗೊತ್ತೇ ಆಗಲ್ಲ. ಒಂದೊಂದಕ್ಕೂ ಕೆಳಗೆ ಒಂದು ಹೆಜ್ಜೆಯ ಏಡರ್ (ಕಾಲಿಡೋಕೆ ಇಳಿಬಿಟ್ಟ ಕುಣಿಕೆ). ಎರಡು ಮೂರು ಹೆಜ್ಜೆಯ ಏಡರ್ ಹಾಕಿದ್ರೆ ಇನ್ನೂ ಒಂದು ಸ್ಟಿಕ್ ಉಳಿಸಬಹುದು ಅಂತಾರೆ, ಹಾಕಿದೆ, ಕಾಲು ಮರದ ಕಡೆಗೆ ನುಗ್ಗಿ ನಾನು ಹಿಂದಕ್ಕೆ ವಾಲಿ ಹೊಟ್ಟೆ ಮೇಲೆ ಆಕಾಶ ಕೆಳಗೆ, ತೆಗೆದು ಎಸೆದೆ. ಒಂದು ಹೆಜ್ಜೆದೇ ಸಾಕು. ಒಂದೊಂದು ಸ್ಟಿಕ್‌ಗೆ ಐದಡಿ ಚಿಲ್ಲರೆ ಸಿಗುತ್ತೆ, ಹದಿನಾರು ಹದಿನೇಳು ಅಡಿ ಮುಟ್ಟುತ್ತೆ. ಇಪ್ಪತ್ತೈದು ಅಡಿ ಬೇಕು ಅನ್ನೋರು ಇದಾರೆ. ಎಲೆ ಇರೋ ಅಕ್ಟೋಬರ್‌ನಲ್ಲಿ ಅಷ್ಟು ಹತ್ತಿದ್ರೆ ಏನೂ ಕಾಣಲ್ಲ, ಹಿಂದೆ ಒಂದು ದಪ್ಪ ಮರದ ಮರೆ ಇದ್ರೆ ಹದಿನೈದೂ ಸಾಕು.

ಬಕಲ್ ಸ್ಟ್ರಾಪ್ ಪೂರ್ತಿ ತೆಗೆದು ಕಾಲಿಂಚಿನ ಆಮ್‌ಸ್ಟೀಲ್ ಹಗ್ಗ ಹಾಕಿದೀನಿ. ತೂಕನೂ ಇಲ್ಲ ಸದ್ದೂ ಇಲ್ಲ. ಆಮ್‌ಸ್ಟೀಲ್ ಅಂದ್ರೆ ಸ್ಟೀಲಲ್ಲ, ಡೈನೀಮಾ ನಾರಿನ ಹಗ್ಗ. ರೆಡಿಮೇಡ್ ಡೈಸಿ ಚೈನ್ (ಸಾಲಾಗಿ ಕುಣಿಕೆ ಇರೋ ಹಗ್ಗ) ಒಂದಕ್ಕೆ ಇಪ್ಪತ್ತು ಡಾಲರ್ ಮೇಲೆ ಹೇಳ್ತಾರೆ, ಹಗ್ಗ ಅಡಿ ಲೆಕ್ಕದಲ್ಲಿ ತಂದು ನೀವೇ ಸ್ಪ್ಲೈಸ್ ಮಾಡಿದ್ರೆ (ತುದಿಯನ್ನ ಹಗ್ಗದೊಳಗೇ ತೂರಿಸಿ ಕುಣಿಕೆ ಮಾಡೋದು) ಅರ್ಧ ಬೆಲೆ. ಬಾಲ ಒಳಗೆ ಹೂತು ಹಾಕೋದನ್ನ ಕಂಜೂಸ್ ಮಾಡಬೇಡಿ, ಹಗ್ಗದ ದಪ್ಪದ 72 ಪಟ್ಟು ಅಂದ್ರೆ ಕಾಲಿಂಚಿಗೆ ಹದಿನೆಂಟು ಇಂಚು ಒಳಗೆ ಹೋಗಲೇಬೇಕು, ತುದಿ ಚೂಪಾಗಿ ಕತ್ತರಿಸಿ. ಇನ್ನೊಂದು, ಈ ಹಗ್ಗ ಸ್ಟಿಕ್ ಕಟ್ಟೋಕೆ ಮಾತ್ರ. ಇದರಲ್ಲಿ ಟೆದರ್ ಮಾಡಿ ಪ್ರುಸಿಕ್ (ಹಗ್ಗವನ್ನ ಬಿಗಿಯಾಗಿ ಹಿಡಿಯೋ ಗಂಟು) ಹಾಕ್ತೀನಿ ಅಂತ ಒಬ್ಬ ಬಂದಿದ್ದ, ಜಾರೋ ಹಗ್ಗ, ಉಜ್ಜಿದ್ರೆ ಬೇಗ ಕರಗುತ್ತೆ, ನೂರೈವತ್ತು ಡಿಗ್ರಿ ಸೆಲ್ಸಿಯಸ್ ಒಳಗೇ ಅದರ ಕತೆ ಮುಗಿಯುತ್ತೆ. ಬೈದು ಕಳಿಸಿದೆ.

ಪ್ಲಾಟ್‌ಫಾರ್ಮ್‌ಗೆ ಬರೋಣ. ಮೊದಲನೇದು ದೊಡ್ಡದು, ಹೆಸರು ಬೇಡ, 180 ಡಾಲರ್, ಏಳು ಪೌಂಡ್ ಹತ್ರ. ನೇರ ಮುಂದೆ ನಿಂತಾಗ ಬಂಡೆ. ಬಲಗಡೆ ಅಂಚಿಗೆ ಹೋಗಿ ಮೈ ತಿರುಗಿಸಿದ್ರೆ ಕಿಟ್ ಅಂತ ಒಂದು ಸದ್ದು ಮಾಡಿ ಪಕ್ಕಕ್ಕೆ ಒದೀತಿತ್ತು. ಮರಕ್ಕೆ ಕಚ್ಚೋ ಹಲ್ಲುಗಳ ನಡುವಿನ ಅಗಲ ಕಡಿಮೆ, ಮೇಲೆ ನಿಲ್ಲೋ ಜಾಗ ಅಗಲ, ಅಂಚಿಗೆ ಭಾರ ಬಿದ್ದಷ್ಟೂ ತಿರುಗಿಸೋ ಬಲ ಜಾಸ್ತಿ, ಇಂಜಿನಿಯರ್‌ಗೆ ಇಷ್ಟು ಲೆಕ್ಕ ಸಾಕು. ನನ್ನದು 220 ಪೌಂಡ್, ಬಟ್ಟೆ ಬೂಟು ಬ್ಯಾಗು ಬೋ ಸೇರಿ 250. ಮೇಲೆ 300 ಪೌಂಡ್ ಅಂತ ಬರೆದಿದ್ರೂ ಆ ರೇಟಿಂಗ್ ಅಂಚಲ್ಲಿ ಒಂಟಿ ಕಾಲಲ್ಲಿ ನಿಂತವನಿಗೆ ಅಂತ ಬರೆದಿಲ್ಲ. ಎರಡನೇದು ಚಿಕ್ಕದು, 250 ಡಾಲರ್ ಚಿಲ್ಲರೆ, ಮೂರು ಪೌಂಡ್ ಒಳಗೆ, ಹಲ್ಲು ಅಗಲ ಇದೆ, ಕ್ಯಾಮ್ ಓವರ್ ಮಾಡಿ (ಕಟ್ಟಿದ ಮೇಲೆ ಕೆಳಕ್ಕೆ ಒತ್ತಿ) ಬಿಗಿದ್ರೆ ಕಚ್ಕೊಂಡು ಕೂರುತ್ತೆ. ಮೂಗು (ಮುಂದಿನ ಅಂಚು) ಸ್ವಲ್ಪ ಮೇಲಕ್ಕೆ ಇಟ್ಟು ಬಿಗೀರಿ, ಭಾರ ಬಿದ್ದಾಗ ಸಮ ಆಗುತ್ತೆ. ಎರಡು ಪಾದ ಹೆಂಗೋ ಹಿಡಿಸುತ್ತೆ ಅಷ್ಟೆ.

ಅಷ್ಟೇ ಆಗಿದ್ರೆ ಮೈ ತಿರುಗಿಸೋಕೆ ಆಗದೆ ಬಲಗೈ ಶೂಟರ್‌ಗೆ ಬಲಗಡೆ ಹಿಂದಿನ ಶಾಟ್ ಸತ್ತೋಯ್ತು. ಇದಕ್ಕೆ ಉತ್ತರ ಹೊಸದೇನಲ್ಲ, ಇದೇ ಮಿಷಿಗನ್‌ನ ಜಾನ್ ಎಬರ್‌ಹಾರ್ಟ್ 1980ರ ದಶಕದಿಂದ ಸ್ಲಿಂಗ್‌ನಲ್ಲಿ (ಸ್ಯಾಡಲ್ ಥರದ್ದೇ) ಕೂತು ಪ್ಲಾಟ್‌ಫಾರ್ಮೇ ಇಲ್ಲದೆ ಮರದ ಸುತ್ತ ಸ್ಟೆಪ್ ಹಾಕ್ಕೊಂಡು ಬೇಟೆ ಆಡ್ತಿರೋದು. ನಾನು ಮಾಡಿದ್ದು ಎರಡನ್ನೂ ಸೇರಿಸಿದ್ದು. ಮುಂದೆ ಚಿಕ್ಕ ಪ್ಲಾಟ್‌ಫಾರ್ಮ್, ಅದೇ ಮಟ್ಟದಲ್ಲಿ ಹಿಂದಕ್ಕೆ ಒಂದು ಕ್ಯಾಮ್ ಸ್ಟ್ರಾಪ್‌ನಲ್ಲಿ ನಾಲ್ಕು ಸ್ಟೆಪ್. ಕಾಯೋದು ಪ್ಲಾಟ್‌ಫಾರ್ಮ್ ಮೇಲೆ, ಶಾಟ್‌ಗೆ ಮಾತ್ರ ಸ್ಟೆಪ್ ಮೇಲೆ ಮರ ಸುತ್ತೋದು. ಪ್ಲಾಂಟ್‌ನ ಟೂಲ್‌ರೂಮಲ್ಲಿ ಒಬ್ಬ ಅಜ್ಜ ಇದಾರೆ, ನಲವತ್ತು ವರ್ಷದ ಬೋ ಹಂಟರ್, ನೋಡಿ "ಎರಡೂ ಹೊರೋದಾದ್ರೆ ಎರಡರದ್ದೂ ತೂಕ, ಏನು ಲಾಭ" ಅಂದ್ರು. ತೂಕ ಮಾಡಿ ತೋರಿಸಿದೆ: ಪ್ಲಾಟ್‌ಫಾರ್ಮ್, ಹಿಂದಿನ ನಾಲ್ಕು ಸ್ಟೆಪ್ಪಿನ ರಿಂಗು ಸೇರಿ ಐದು ಪೌಂಡ್ ಆಚೆ ಈಚೆ, ಹಳೇ ದೊಡ್ಡದು ಒಂದೇ ಏಳು. ಸ್ಟಿಕ್ಕೂ ಸೇರಿದ್ರೆ ಹತ್ತು ಹತ್ತೂವರೆ. ಸುಮ್ಮನಾದ್ರು.

ಸ್ಟ್ರಾಪ್ ರಿಂಗ್‌ನಲ್ಲಿ ಒಂದು ತಕರಾರಿದೆ. ಒಂದು ಸ್ಟೆಪ್ ಮೇಲೆ ಭಾರ ಹಾಕಿದ್ರೆ ಉಳಿದವು ಸಡಿಲ ಆಗ್ತವೆ. ಕಟ್ಟೋ ಕ್ರಮದಲ್ಲಿ ಒಂದು ಸಣ್ಣ ಉಪಾಯ ಇದೆ, ಅದು ನನ್ನ ಹತ್ರನೇ ಇರಲಿ. ನಾಲ್ಕು ಸಲ ಕಟ್ಟಿ ಬಿಚ್ಚಿದ್ರೆ ನಿಮಗೇ ಹೊಳೆಯುತ್ತೆ.

ಮರ ಆರಿಸೋದೂ ಪ್ಲಾಟ್‌ಫಾರ್ಮ್ ಆರಿಸಿದಷ್ಟೇ ಮುಖ್ಯ. ರೆಡ್ ಓಕ್, ಚೆರ್ರಿ ತೊಗಟೆಗೆ ಹಲ್ಲು ಚೆನ್ನಾಗಿ ಕಚ್ಚುತ್ತೆ. ಶಾಗ್‌ಬಾರ್ಕ್ ಹಿಕೊರಿ ತೊಗಟೆ ಹಪ್ಪಳದ ಥರ ಎದ್ದಿರುತ್ತೆ, ಹಲ್ಲು ತೊಗಟೆಗೆ ಕಚ್ಚುತ್ತೆ ಮರಕ್ಕಲ್ಲ, ಬಿಗಿದ ಮೇಲೂ ಚರಚರ ಅನ್ನುತ್ತೆ. ಬೀಚ್ ಮರ ನುಣ್ಣಗೆ, ಒಣಗಿದ್ರೆ ಓಕೆ, ಬೆಳಗ್ಗೆ ಇಬ್ಬನಿ ಹೆಪ್ಪುಗಟ್ಟಿದ್ರೆ ಆಮ್‌ಸ್ಟೀಲೂ ಜಾರುತ್ತೆ ಪ್ಲಾಟ್‌ಫಾರ್ಮೂ ಜಾರುತ್ತೆ, ಅವತ್ತು ಬೇರೆ ಮರ ನೋಡ್ಕೊಳ್ಳಿ. ಆಶ್ ಮರ ಹತ್ತಲೇಬೇಡಿ. 2002ರಲ್ಲಿ ಇಲ್ಲೇ ಡೆಟ್ರಾಯ್ಟ್ ಪಕ್ಕದಲ್ಲಿ ಎಮರಾಲ್ಡ್ ಆಶ್ ಬೋರರ್ ಹುಳ ಕಂಡ ಮೇಲೆ ಈ ಕಡೆ ಆಶ್ ಎಲ್ಲ ಒಣಗಿ ನಿಂತಿವೆ, ಕತ್ತಲಲ್ಲಿ ನೆಟ್ಟಗೆ, ಕೊಂಬೆ ಇಲ್ಲದೆ, ಹತ್ತೋಕೆ ಹೇಳಿ ಮಾಡಿಸಿದಂಗೆ ಕಾಣ್ತವೆ. ಒಳಗೆ ಪುಡಿ.

ಕಾಡಿಗೆ ಒಯ್ಯೋ ಮುಂಚೆ ಹಿತ್ತಲ ಮೇಪಲ್‌ನಲ್ಲಿ ಎರಡಡಿ ಎತ್ತರಕ್ಕೆ ಎಲ್ಲ ಕಟ್ಟಿ, ಬೇಸಿಗೆ ಪೂರ್ತಿ ಸಂಜೆ ಆಫೀಸ್ ಕಾಲ್ ತಗೊಂಡಿದ್ದೇ ಅದರ ಮೇಲೆ ನಿಂತು. ಪಕ್ಕದ ಮನೆಯವರು ಏನು ತಿಳ್ಕೊಂಡ್ರೋ ಬಿಡಿ. ನನ್ನ ಹೆಂಡ್ತಿ "ಈ ದುಡ್ಡಲ್ಲಿ ಎರಡು ವರ್ಷದ ಕುರಿ ಮಾಂಸ ಬರ್ತಿತ್ತು ಕಣ್ರೀ" ಅಂದ್ಲು, ಅದಕ್ಕೆ ನನ್ನ ಹತ್ರ ಆಗ ಉತ್ತರ ಇರಲಿಲ್ಲ.

ಹೋದ ವರ್ಷ ಸಿಕ್ತು. ಅಕ್ಟೋಬರ್ ಕೊನೆಗೆ ಒಂದು ಹೆಣ್ಣು ಜಿಂಕೆ, ಹದಿನೆಂಟು ಯಾರ್ಡ್, ಮುಂದಿನಿಂದ, ಅದರಲ್ಲಿ ಹೇಳೋಕೇನಿಲ್ಲ. ನವೆಂಬರ್ ಮೊದಲ ವಾರ ರಟ್ (ಜಿಂಕೆಗಳು ಜೋಡಿಯಾಗೋ ಕಾಲ) ಜೋರು, ಅದೇ ಶನಿವಾರ ಕನ್ನಡ ಕೂಟದ ರಾಜ್ಯೋತ್ಸವ, ಮಗಳ ಡ್ಯಾನ್ಸ್ ಮಧ್ಯಾಹ್ನ ಮೂರಕ್ಕೆ, ಹನ್ನೊಂದಕ್ಕೆ ಇಳಿಯಲೇಬೇಕು ಅಂತ ಹತ್ತಿದ್ದೆ. ಎಂಟೂವರೆ ಹೊತ್ತಿಗೆ ಎಂಟು ಪಾಯಿಂಟ್ ಬಕ್ (ಕೊಂಬಲ್ಲಿ ಎಂಟು ಕವಲಿರೋ ಗಂಡು ಜಿಂಕೆ) ಸರಿಯಾಗಿ ಬೆನ್ನ ಹಿಂದಿಂದ ಬಂತು, ಬಲಗಡೆ, ಹಳೇ ಪ್ಲಾಟ್‌ಫಾರ್ಮ್ ಆಗಿದ್ರೆ ಕೈ ಮುಗಿದು ಕಳಿಸಬೇಕಿತ್ತು. ಮರ ಮರೆ ಮಾಡ್ಕೊಂಡು ಒಂದು ಸ್ಟೆಪ್, ಎರಡು ಸ್ಟೆಪ್, ಮೂರನೇದರ ಮೇಲೆ ನಿಂತು ಮಂಡಿ ತೊಗಟೆಗೆ ಒತ್ತಿ ಬೋ ಎಳೆದೆ. ಇಪ್ಪತ್ತೆರಡು ಯಾರ್ಡ್. ಒಂದು ಕಿಟ್ ಸದ್ದಿಲ್ಲ. ಐವತ್ತು ಹೆಜ್ಜೆ ಓಡಿ ಬಿತ್ತು. ಡ್ಯಾನ್ಸ್‌ಗೆ ಲೇಟಾಯ್ತು, ಅದರ ಬಗ್ಗೆ ಮನೆಯಲ್ಲಿ ಈಗಲೂ ಮಾತು ಬರುತ್ತೆ. ಪೆಪ್ಪರ್ ಫ್ರೈ, ಒಣ ಮಾಂಸ, ಫ್ರೀಜರ್ ತುಂಬ ಆಯ್ತು, ಕುರಿ ಲೆಕ್ಕದ ಮಾತು ನಿಂತಿತು.

ಹಳೇದೆಲ್ಲ ಮಾರಿ ಕಳೆದು ಈಗಿನ ಸೆಟ್ ಕೈಗೆ ಬಿದ್ದಿದ್ದು 550 ಡಾಲರ್ ಆಸುಪಾಸು, ಸ್ಯಾಡಲ್ ಬಿಟ್ಟು. ಹೊಸದಾಗಿ ತಗೊಳ್ಳೋರು ನೇರ ಇದನ್ನೇ ಮಾಡಿದ್ರೆ ನಾನೂರಲ್ಲೂ ಆಗುತ್ತೆ, ಗಿಡ್ಡ ಸ್ಟಿಕ್ ಸೆಕೆಂಡ್ ಹ್ಯಾಂಡ್ ಹುಡುಕಿ, ಫೆಬ್ರವರಿ ಮಾರ್ಚ್‌ನಲ್ಲಿ ಜನ ಅರ್ಧ ರೇಟಿಗೆ ಬಿಸಾಕ್ತಾರೆ. ಸ್ಟಿಕ್, ಪ್ಲಾಟ್‌ಫಾರ್ಮ್ ಹಳೇದು ಪರವಾಗಿಲ್ಲ, ವೆಲ್ಡ್ ನೋಡಿ ತಗೊಳ್ಳಿ. ಹಗ್ಗ, ಟೆದರ್, ಬ್ರಿಡ್ಜ್ ಮಾತ್ರ ಹೊಸದೇ. ಈ ಸಲ ರಿಂಗ್‌ನ ನೈಲಾನ್ ಸ್ಟ್ರಾಪ್ ತೆಗೆದು ಅಲ್ಲೂ ಹಗ್ಗ ಹಾಕಿ ನೋಡೋ ಪ್ಲಾನ್ ಇದೆ, ನೆನೆದ್ರೆ ನೈಲಾನ್ ಹಿಗ್ಗುತ್ತೆ, ಮಳೆಯಲ್ಲಿ ಅರ್ಧ ಗಂಟೆಗೊಂದ್ಸಲ ಬಿಗೀಬೇಕು, ಅದೊಂದೇ ಈಗ ಬಾಕಿ ಇರೋ ಕಿರಿಕಿರಿ.