ಒಂದು ಕ್ವಾರ್ಟರ್‌ಗೆ 36 ಗ್ರಾಂ ಹೂವು

ಹನುಮಂತನಗರದಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ ಇದೆ. ಈ ಕಸುಬಿನಲ್ಲಿ ಬೆರಳಿಗೆ ಏನಾದರೂ ಆಗದೆ ಒಂದು ವಾರವೂ ಕಳೆಯುವುದಿಲ್ಲ. ಸೂಜಿ ಚುಚ್ಚುತ್ತದೆ, ಕತ್ತರಿ ತಾಗುತ್ತದೆ, ಹಳೆಯ ಜರಿ ಅಂಚು ಬಿಚ್ಚುವಾಗ ಉಗುರಿನ ಪಕ್ಕದ ಚರ್ಮ ಕಿತ್ತು ಬರುತ್ತದೆ. ಮನೆಯಲ್ಲಾದರೆ ಅರಿಶಿನ ಮೆತ್ತಿ ಸುಮ್ಮನಿರಬಹುದು. ಅಂಗಡಿಯಲ್ಲಿ ಅರಿಶಿನದ ಬೆರಳಿನಿಂದ ಯಾರದೋ ಮದುವೆಯ ರೇಷ್ಮೆಯನ್ನು ಮುಟ್ಟಲು ಆಗುತ್ತದೆಯೇ? ಟಿಂಚರ್ ಅಯೋಡಿನ್ ಅಂತೂ ಇನ್ನೂ ಕಷ್ಟ, ಕಂದು ಕಲೆ ಬಿದ್ದರೆ ಬಟ್ಟೆಯ ಬೆಲೆ ನಮ್ಮ ತಲೆಯ ಮೇಲೆ. ನಾನು ಹೂವಿನ ಟಿಂಚರಿನ, ಅಂದರೆ ಹೂವನ್ನು ಮದ್ಯದಲ್ಲಿ ನೆನೆಸಿ ಇಳಿಸಿದ ಸಾರದ, ಹಿಂದೆ ಬಿದ್ದದ್ದು ಈ ಕಾರಣಕ್ಕೇ ಹೊರತು ಗಿಡಮೂಲಿಕೆಯ ಮೇಲಿನ ಭಕ್ತಿಯಿಂದ ಅಲ್ಲ.

ಇಂಗ್ಲೆಂಡಿನಲ್ಲಿ ಮಗಳ ಬಾಣಂತನ ಮುಗಿಸಿ ಬಂದ ನಮ್ಮ ಗ್ರಾಹಕಿಯೊಬ್ಬರು ಒಂದು ಪುಟ್ಟ ಕಂದು ಸೀಸೆ ಕೊಟ್ಟಿದ್ದರು. ‘ಮೇರಿಗೋಲ್ಡ್ ಟಿಂಚರ್, ನೀರಿಗೆ ನಾಲ್ಕು ಹನಿ ಬಿಟ್ಟು ಗಾಯಕ್ಕೆ ಒತ್ತು’ ಎಂದರು. ತೆಳ್ಳಗೆ ಹಳದಿ ನೀರು, ಒರೆಸಿದರೆ ಬೆರಳಿನಲ್ಲಿ ಬಣ್ಣ ಉಳಿಯುವುದಿಲ್ಲ. ಮೂರು ತಿಂಗಳಲ್ಲಿ ಸೀಸೆ ಖಾಲಿಯಾಯಿತು. ಮೇರಿಗೋಲ್ಡ್ ಎಂದರೆ ಚೆಂಡು ಹೂವು ತಾನೇ, ಬೆಂಗಳೂರಿನಲ್ಲಿ ಅದಕ್ಕೇನು ಬರ ಎಂದುಕೊಂಡೆ.

ಆಯುಧಪೂಜೆ ಕಳೆದ ಮರುದಿನ ಕೆ.ಆರ್. ಮಾರುಕಟ್ಟೆಗೆ ಹೋದೆ. ಹಬ್ಬದ ಹಿಂದಿನ ದಿನ ಕೈಗೆ ಸಿಗದ ಚೆಂಡು ಹೂವು ಅವತ್ತು ಕಾಲಡಿ ಬಿದ್ದಿತ್ತು. ಅರ್ಧ ಕಿಲೋ ತಂದು, ಹಸಿ ಹೂವನ್ನೇ ಉಪ್ಪಿನಕಾಯಿ ಜಾಡಿಗೆ ತುಂಬಿ ಮೇಲೆ ವೋಡ್ಕಾ ಸುರಿದೆ. ಹತ್ತು ದಿನ ಬಿಟ್ಟು ಮುಚ್ಚಳ ತೆಗೆದರೆ ದೇವರ ಪಟದಿಂದ ನಾಲ್ಕು ದಿನದ ಮಾಲೆ ತೆಗೆದಾಗ ಬರುವ ವಾಸನೆ. ಮೇಲೆ ತೇಲುತ್ತಿದ್ದ ಹೂವು ಕೊಳೆತಿತ್ತು.

ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ಅವತ್ತೇ ಅಳತೆ ಕೊಡಲು ಬಂದಿದ್ದರು. ಜಾಡಿ ನೋಡಿ ನಕ್ಕರು. ‘ನೀವು ಮಾಡಿದ್ದು ಎರಡು ತಪ್ಪಮ್ಮ. ಒಂದು, ಇದು ಆ ಹೂವೇ ಅಲ್ಲ. ಎರಡು, ಆ ಹೂವೇ ಆಗಿದ್ದರೂ ಹಸಿಯದನ್ನು ಹೀಗೆ ಹಾಕಬಾರದು.’

ಮೊದಲ ತಪ್ಪು ಹೆಸರಿನದು. ಇಂಗ್ಲಿಷಿನಲ್ಲಿ ಎರಡು ಬೇರೆ ಗಿಡಗಳಿಗೂ ಮೇರಿಗೋಲ್ಡ್ ಎನ್ನುತ್ತಾರೆ. ಯುರೋಪಿನವರು ಗಾಯಕ್ಕೆ ಹಚ್ಚುವುದು ಕ್ಯಾಲೆಂಡುಲಾ ಅಫಿಸಿನಾಲಿಸ್, ಮೆಡಿಟರೇನಿಯನ್ ಕಡೆಯ ಗಿಡ. ನಾವು ಬಾಗಿಲಿಗೆ ತೋರಣ ಕಟ್ಟುವ ಚೆಂಡು ಹೂವು ಟ್ಯಾಜಿಟಿಸ್ ಇರೆಕ್ಟಾ, ಮೆಣಸಿನಕಾಯಿಯ ಹಾಗೆ ಮೆಕ್ಸಿಕೋ ಕಡೆಯಿಂದ ಬಂದದ್ದು. ಸೂರ್ಯಕಾಂತಿಯ ಕುಟುಂಬಕ್ಕೆ ಎರಡೂ ಸೇರಿವೆ, ನೆಂಟಸ್ತನ ಅಷ್ಟಕ್ಕೇ ಮುಗಿಯಿತು. ಗುರುತು ಹಿಡಿಯುವುದು ಕಷ್ಟವೇನಲ್ಲ. ಚೆಂಡು ಹೂವಿನ ಎಲೆ ಗರಿಯ ಹಾಗೆ ಸೀಳಿರುತ್ತದೆ, ಹಿಸುಕಿದರೆ ಘಾಟು ಮೂಗಿಗೆ ಹೊಡೆಯುತ್ತದೆ. ಕ್ಯಾಲೆಂಡುಲಾ ಎಲೆಗೆ ಸೀಳಿಲ್ಲ, ನಾಲಗೆಯ ಹಾಗೆ ಉದ್ದ. ಹೂವನ್ನು ಮುಟ್ಟಿದರೆ ಹಲಸಿನ ಮೇಣ ತಾಗಿದ ಹಾಗೆ ಬೆರಳು ಅಂಟುತ್ತದೆ.

ಚೆಂಡು ಹೂವು ಕೆಲಸಕ್ಕೆ ಬಾರದ್ದು ಎಂದು ಇದರ ಅರ್ಥವಲ್ಲ. ಗುಂಡ್ಲುಪೇಟೆಯ ಕಡೆ ಹೊಲಗಟ್ಟಲೆ ಬೆಳೆಯುವುದು ಪೂಜೆಗೊಂದಕ್ಕೇ ಅಲ್ಲ. ಅದರ ಎಸಳಿನ ಲ್ಯೂಟಿನ್ ಎಂಬ ಹಳದಿಯನ್ನು ತೆಗೆದು ಕೋಳಿ ಆಹಾರಕ್ಕೆ ಸೇರಿಸಿದರೆ ಮೊಟ್ಟೆಯ ಭಂಡಾರಕ್ಕೆ ಬಣ್ಣ ಬರುತ್ತದೆ. ಟೊಮೆಟೊ ಸಾಲುಗಳ ನಡುವೆ ನೆಟ್ಟರೆ ಕಾಯಿಕೊರಕದ ಚಿಟ್ಟೆ ಟೊಮೆಟೊ ಬಿಟ್ಟು ಇದರ ಮೇಲೆ ಮೊಟ್ಟೆ ಇಡುತ್ತದೆ. ಬೇರಿನ ರಸ ಗಿಡಗಳ ಬೇರಿಗೆ ಹತ್ತುವ ಮಣ್ಣಿನ ಜಂತುಹುಳುಗಳನ್ನು ಅಡಗಿಸುತ್ತದೆ. ಆದರೆ ಮಾರುಕಟ್ಟೆಯ ಹೂವಿಗೆ ಎಷ್ಟು ಸಲ ಔಷಧಿ ಹೊಡೆದಿರುತ್ತಾರೋ, ಅದನ್ನು ಮದ್ಯದಲ್ಲಿ ನೆನೆಸಿ ತೆರೆದ ಗಾಯಕ್ಕೆ ಹಚ್ಚುವುದು ಬುದ್ಧಿವಂತಿಕೆ ಅಲ್ಲ. ಆ ಜಾಡಿಯನ್ನು ಬಚ್ಚಲಿಗೆ ಸುರಿದೆ.

ಸಿದ್ದಾಪುರದ ನರ್ಸರಿ ಸಾಲಿನಲ್ಲಿ ಕ್ಯಾಲೆಂಡುಲಾ ಬೀಜ ಸಿಕ್ಕಿತು. ಕತ್ತರಿಸಿ ಬಿಸಾಡಿದ ಕಾಲಿನ ಉಗುರಿನ ಹಾಗೆ ಬಾಗಿದ, ಮೈಯೆಲ್ಲ ಮುಳ್ಳುಮುಳ್ಳಾದ ಬೀಜ, ನೋಡಲು ಏನೇನೂ ಚೆಂದವಿಲ್ಲ. ಇದು ಚಳಿಗಾಲದ ಹೂವು. ಮಳೆ ಹಿಂದೆಗೆಯುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ ಬಿತ್ತಿದರೆ ಡಿಸೆಂಬರ್‌ಗೆ ಮೊದಲ ಹೂವು ಬಿಡುತ್ತದೆ, ಶಿವರಾತ್ರಿಯ ಬಿಸಿಲಿಗೆ ಸೊರಗುತ್ತದೆ. ತಾರಸಿಯ ಮೇಲೆ ಎಂಟು ಕುಂಡ ಇಟ್ಟೆ. ಕೆಮ್ಮಣ್ಣು, ಎರೆಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ, ಅಷ್ಟೇ. ಕಾಟ ಕೊಟ್ಟದ್ದು ಗಿಡಹೇನು. ಔಷಧಿಗೆಂದು ಬೆಳೆಯುವ ಹೂವಿಗೆ ವಿಷ ಹೊಡೆಯುವ ಹಾಗಿಲ್ಲವಾದ್ದರಿಂದ ಬೆಳಿಗ್ಗೆ ಪೈಪಿನ ನೀರಿನಿಂದ ತೊಳೆದು ತೊಳೆದು ಓಡಿಸಿದೆ. ಅತ್ತೆ ಮೇಲೆ ಬಂದು, ‘ಮೂರು ತಿಂಗಳು ನೀರು ಹೊತ್ತೆ, ಒಂದು ಹೂವೂ ದೇವರಿಗಿಲ್ಲ’ ಎಂದು ಗೊಣಗಿ ದಿನಕ್ಕೆರಡು ಕಿತ್ತುಕೊಂಡು ಹೋಗುತ್ತಿದ್ದರು. ಅದರಿಂದ ನಷ್ಟವೇನಾಗಲಿಲ್ಲ. ಈ ಗಿಡ ಹೂವು ಕಿತ್ತಷ್ಟೂ ಬಿಡುತ್ತದೆ, ಕೀಳದಿದ್ದರೆ ಬೀಜ ಕಟ್ಟಿ ನಿಂತುಬಿಡುತ್ತದೆ.

ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಪೂರ್ತಿ ಅರಳಿದ ಹೂವನ್ನು ತೊಟ್ಟಿನ ಬುಡಕ್ಕೆ ಚಿವುಟಬೇಕು. ಬರೀ ಎಸಳು ಬಿಡಿಸಿಕೊಂಡರೆ ನೋಡಲು ಅಂದ, ಆದರೆ ಅಂಟು ಇರುವುದು ಹೆಚ್ಚಾಗಿ ಬುಡದ ಹಸಿರು ಬಟ್ಟಲಿನಲ್ಲಿ. ಆದ್ದರಿಂದ ಇಡೀ ಹೂವನ್ನೇ ಒಣಗಿಸುತ್ತೇನೆ. ಮೊರದ ಮೇಲೆ ಒಂದಕ್ಕೊಂದು ತಾಗದಂತೆ ಬೋರಲು ಹಾಕಿ, ನೆರಳಿನಲ್ಲಿ, ಗಾಳಿಯಾಡುವ ಕಡೆ. ಬಿಸಿಲಿಗಿಟ್ಟರೆ ಬಣ್ಣ ಹೋಗುತ್ತದೆ.

ಇಲ್ಲೊಂದು ಸಲ ಪೆಟ್ಟು ತಿಂದೆ. ಆರನೆಯ ದಿನ ಎಸಳು ಗರಿಗರಿಯಾಗಿತ್ತು, ಒಣಗಿತು ಎಂದು ಡಬ್ಬಿಗೆ ತುಂಬಿದೆ. ವಾರ ಬಿಟ್ಟು ತೆಗೆದರೆ ಪ್ರತಿ ಹೂವಿನ ನಡುವೆ ಬೂದು ಬೂಷ್ಟು. ಈಗ ಎಸಳನ್ನು ನಂಬುವುದಿಲ್ಲ. ಬುಡದ ಬಟ್ಟಲನ್ನು ಹೆಬ್ಬೆರಳಿನ ಉಗುರಿನಿಂದ ಒತ್ತುತ್ತೇನೆ. ಉಗುರು ಒಳಗೆ ಇಳಿದರೆ ಇನ್ನೂ ಹಸಿ. ಹಪ್ಪಳದ ಹಾಗೆ ಟಕ್ಕೆಂದು ಮುರಿದರೆ ಆಯಿತು. ಜನವರಿಯ ಚಳಿಯಲ್ಲಿ ಅದಕ್ಕೆ ಹತ್ತು ಹನ್ನೆರಡು ದಿನ ಬೇಕು.

ಇನ್ನು ಮದ್ಯ. ನಮ್ಮವರು ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟಿದವರಲ್ಲ. ‘ರೀ, ಒಂದು ಕ್ವಾರ್ಟರ್ ವೋಡ್ಕಾ ತನ್ನಿ’ ಎಂದಾಗ ಕೈಯಲ್ಲಿದ್ದ ಪತ್ರಿಕೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಗುರುತಿನವರು ಕಾಣಬಾರದೆಂದು ಪಕ್ಕದ ಶ್ರೀನಗರ ಬಡಾವಣೆಯಾಚೆ ಹೋಗಿ, ಚೀಲದಲ್ಲಿ ಕೊತ್ತಂಬರಿ ಕಟ್ಟಿನ ಕೆಳಗೆ ಅಡಗಿಸಿ ತಂದರು. ಆ ಕ್ವಾರ್ಟರೇ ನನ್ನ ಅಳತೆ. ಒಣ ಹೂವು ಒಂದು ಪಾಲು, ಮದ್ಯ ಐದು ಪಾಲು ಎಂಬುದು ಟಿಂಚರಿನ ಹಳೆಯ ಲೆಕ್ಕ. ಕ್ವಾರ್ಟರ್ ಎಂದರೆ 180 ಮಿಲಿ, ಐದರಿಂದ ಭಾಗಿಸಿದರೆ 36 ಗ್ರಾಂ ಹೂವು. ಇಷ್ಟು ಒಣ ಹೂವು ಕೂಡಲು ನನಗೆ ಇನ್ನೂರರಷ್ಟು ಹೂವು ಬೇಕಾಯಿತು.

ನಮ್ಮಲ್ಲಿ ಸಿಗುವ ವೋಡ್ಕಾದಲ್ಲಿ ಆಲ್ಕೋಹಾಲ್ ಶೇ. 42.8. ಹಸಿ ಹೂವು ಹಾಕಿದಾಗ ನಾನು ಮಾಡಿದ ಎರಡನೆಯ ತಪ್ಪು ಇಲ್ಲಿಯೇ ಇತ್ತು. 200 ಗ್ರಾಂ ಹಸಿ ಹೂವಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರು. ಅದು 200 ಮಿಲಿ ವೋಡ್ಕಾಕ್ಕೆ ಬೆರೆತರೆ ಆಲ್ಕೋಹಾಲ್ ಶೇ. 25ಕ್ಕಿಂತ ಕೆಳಗೆ ಇಳಿಯುತ್ತದೆ. ಕ್ಯಾಲೆಂಡುಲಾದ ಅಂಟು ಪೂರ್ತಿ ಕರಗಬೇಕಾದರೆ ಶೇ. 90ರ ಮದ್ಯಸಾರವೇ ಬೇಕು, ಬ್ರಿಟಿಷ್ ಮೂಲಿಕೆ ಸಂಹಿತೆ ಹೇಳುವುದೂ ಅದನ್ನೇ. ಆದರೆ ಅಬಕಾರಿ ಪರವಾನಗಿ ಇಲ್ಲದೆ ಅಂಥ ಸ್ಪಿರಿಟ್ ನಮ್ಮಂಥವರ ಕೈಗೆ ಬರುವುದಿಲ್ಲ. ವೋಡ್ಕಾದಲ್ಲಿ ಇಳಿದಷ್ಟಕ್ಕೆ ತೃಪ್ತಿ ಪಡಬೇಕು. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್, ಬಣ್ಣದಂಗಡಿಯ ಸ್ಪಿರಿಟ್, ಸ್ಯಾನಿಟೈಸರ್, ಇವುಗಳಲ್ಲಿ ಮಾಡಬಾರದು. ಕುಡಿಯದಿರಲೆಂದು ಇಂಥವುಗಳಿಗೆ ಬೇರೆ ಏನೇನೋ ಬೆರೆಸಿರುತ್ತಾರೆ, ಕೆಲವಕ್ಕೆ ಮಿಥನಾಲ್‌ನಂಥ ವಿಷವನ್ನೂ.

ಹೂವನ್ನು ಕೈಯಲ್ಲೇ ಪುಡಿಮಾಡಿ ಗಾಜಿನ ಜಾಡಿಗೆ ಒತ್ತಿ, ಮದ್ಯ ಸುರಿದು, ಮೇಲೆ ಕುದಿಸಿ ತೊಳೆದ ಒಂದು ನುಣುಪು ಕಲ್ಲು ಇಡುತ್ತೇನೆ. ಒಂದು ಎಸಳೂ ಮೇಲೆ ಇಣುಕಬಾರದು. ಅಂಗಡಿಯಲ್ಲಿ ಲೈನಿಂಗ್ ಬಟ್ಟೆ ಇಡುವ ಕಪಾಟಿನ ಕತ್ತಲೆಯಲ್ಲಿ ನಾಲ್ಕು ವಾರ. ದಿನಾ ಬೀಗ ತೆಗೆದ ಕೂಡಲೇ ಒಮ್ಮೆ ಕುಲುಕುತ್ತೇನೆ. ಆಮೇಲೆ ಮಲ್ ಬಟ್ಟೆಯಲ್ಲಿ ಹಿಂಡಿ ಸೋಸಬೇಕು. ಈ ಒಂದು ಕೆಲಸದಲ್ಲಿ ದರ್ಜಿಗಳಿಗೆ ಅನುಕೂಲ ಜಾಸ್ತಿ: ಬಟ್ಟೆಗೆ ಕೊರತೆಯಿಲ್ಲ, ಹಿಂಡುವ ಕೈಗೂ ಬಲವಿದೆ. 180ರಲ್ಲಿ ನನಗೆ ಮರಳಿ ಸಿಕ್ಕುವುದು 130 ಮಿಲಿಯಷ್ಟು, ಉಳಿದದ್ದನ್ನು ಹೂವು ಕುಡಿದುಬಿಡುತ್ತದೆ. ಕಂದು ಸೀಸೆಗೆ ತುಂಬಿ ತಾರೀಖು ಬರೆದು ಅಂಟಿಸಿದರೆ ಮುಗಿಯಿತು. ಇಷ್ಟೆಲ್ಲ ಯಾರಿಗೆ ಬೇಕು ಎನ್ನುವವರು ಹೋಮಿಯೋಪಥಿ ಅಂಗಡಿಯಲ್ಲಿ ಕ್ಯಾಲೆಂಡುಲಾ ಮದರ್ ಟಿಂಚರ್ ಕೇಳಿ ಪಡೆಯಬಹುದು. ‘ಮದರ್’ ಎಂಬ ಮಾತು ಇರಲೇಬೇಕು. 30, 200 ಎಂದು ಬರೆದ ಸೀಸೆಗಳಲ್ಲಿರುವುದು ಮತ್ತೆ ಮತ್ತೆ ತೆಳ್ಳಗೆ ಮಾಡಿದ್ದು, ಹೂವಿನ ಹೆಸರಷ್ಟೇ ಉಳಿದಿರುತ್ತದೆ.

ಬಳಸುವ ರೀತಿ ಸರಳ. ಗಾಯವನ್ನು ಮೊದಲು ಸೋಪು ನೀರಿನಲ್ಲಿ ತೊಳೆಯಬೇಕು. ಅರ್ಧ ಲೋಟ ಕುದಿಸಿ ಆರಿಸಿದ ನೀರಿಗೆ ಒಂದು ಚಮಚ ಟಿಂಚರ್ ಬೆರೆಸಿ, ಹತ್ತಿ ಬಟ್ಟೆ ಅದ್ದಿ ಹತ್ತು ನಿಮಿಷ ಒತ್ತಿ ಹಿಡಿಯುತ್ತೇನೆ. ನೀರು ಬೆರೆಸದೆ ಹಚ್ಚಿಕೊಂಡರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ, ಕಣ್ಣಲ್ಲಿ ನೀರು ಬರುತ್ತದೆ. ಕತ್ತರಿಯ ಗೀರು, ಉಗುರಿನ ಸುತ್ತಲಿನ ತರಚು, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿ, ಇಂಥವುಗಳಿಗೆ ನನಗೆ ಹಿತವಾಗಿದೆ. ಯುರೋಪಿನ ಔಷಧ ಸಂಸ್ಥೆಯೂ ಕ್ಯಾಲೆಂಡುಲಾವನ್ನು ಒಪ್ಪಿರುವುದು ಇಷ್ಟಕ್ಕೇ: ಚರ್ಮದ ಸಣ್ಣ ಉರಿಯೂತ, ಸಣ್ಣ ಗಾಯ, ಬಾಯಿ ಗಂಟಲಿನ ಸಣ್ಣ ಉರಿಯೂತ, ಅದೂ ಬಹುಕಾಲದ ಬಳಕೆಯ ಆಧಾರದ ಮೇಲೆ. ಫ್ರಾನ್ಸಿನಲ್ಲಿ ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 254 ಮಹಿಳೆಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಕ್ಯಾಲೆಂಡುಲಾ ಹಚ್ಚಿಕೊಂಡವರಲ್ಲಿ ಶೇ. 41 ಜನರ ಚರ್ಮ ಗಮನಾರ್ಹವಾಗಿ ಬೆಂದಿತ್ತು, ಇನ್ನೊಂದು ಲೇಪ ಹಚ್ಚಿಕೊಂಡವರಲ್ಲಿ ಶೇ. 63. ಒಳ್ಳೆಯ ಫಲಿತಾಂಶವೇ. ಆದರೆ ಅದು ಮುಲಾಮು, ಟಿಂಚರ್ ಅಲ್ಲ. ಆ ಅಂಕಿಯನ್ನು ನನ್ನ ಸೀಸೆಗೆ ಅಂಟಿಸಿಕೊಳ್ಳುವ ಹಕ್ಕು ನನಗಿಲ್ಲ.

ಕೈಕೊಟ್ಟ ಕಡೆಗಳೂ ಇವೆ. ಇಸ್ತ್ರಿ ಪೆಟ್ಟಿಗೆ ತಾಗಿದ ಹಸಿ ಸುಟ್ಟಗಾಯಕ್ಕೆ ಹಾಕಿ ಉರಿ ಹೆಚ್ಚಿಸಿಕೊಂಡೆ. ಸುಟ್ಟದ್ದಕ್ಕೆ ಮೊದಲು ಬೇಕಾದದ್ದು ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು. ಒಡೆದ ಹಿಮ್ಮಡಿಗೆ ಹಚ್ಚಿದರೆ ಮದ್ಯಸಾರ ಇನ್ನಷ್ಟು ಒಣಗಿಸಿತು, ಅದಕ್ಕೆ ಈಗ ಅದೇ ಹೂವನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸುತ್ತೇನೆ. ಪರಿಚಯದವರೊಬ್ಬರು ಗಜಕರ್ಣಕ್ಕೆ ತಿಂಗಳು ಹಚ್ಚಿ, ಅದು ಅಂಗೈಯಗಲ ಹಬ್ಬಿದ ಮೇಲೆ ಚರ್ಮದ ವೈದ್ಯರಲ್ಲಿಗೆ ಹೋದರು. ಅತ್ತೆಗೆ ಹಲ್ಲುಸೆಟ್ಟು ಒತ್ತಿ ವಸಡು ಹುಣ್ಣಾದಾಗ ಟಿಂಚರ್ ಬೆರೆಸಿದ ನೀರಿನಿಂದ ಮುಕ್ಕಳಿಸಿ ಎಂದೆ. ‘ಈ ವಯಸ್ಸಿನಲ್ಲಿ ನನ್ನ ಬಾಯಿಗೆ ಹೆಂಡ ಹಾಕಬೇಡ’ ಎಂದರು. ಎರಡು ಗ್ರಾಂ ಒಣ ಹೂವನ್ನು ಒಂದು ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಚ್ಚಿಟ್ಟು ಸೋಸಿ ಕೊಟ್ಟೆ. ಅದಾದರೆ ಸರಿ ಎಂದು ದಿನಕ್ಕೆ ಮೂರು ಸಲ ಮುಕ್ಕಳಿಸಿ ಉಗುಳಿದರು. ವಸಡು ಸರಿಹೋಯಿತು. ನಡುವೆ ಹಲ್ಲುಸೆಟ್ಟನ್ನು ವೈದ್ಯರು ಉಜ್ಜಿ ಸರಿಪಡಿಸಿದ್ದೂ ಉಂಟು, ಕೀರ್ತಿ ಯಾರಿಗೆ ಹೋಗಬೇಕೋ ಅವರವರೇ ಹಂಚಿಕೊಳ್ಳಲಿ.

ಒಂದು ಮಧ್ಯಾಹ್ನ ನಮ್ಮಲ್ಲಿ ಕಲಿಯುವ ಹುಡುಗಿಯೊಬ್ಬಳ ತೋರುಬೆರಳಿನ ಮೇಲೆ ಮೋಟಾರ್ ಯಂತ್ರದ ಸೂಜಿ ಇಳಿದು ಉಗುರಿನೊಳಗೇ ಮುರಿಯಿತು. ಇನ್ನೊಬ್ಬಳು ಓಡಿ ಹೋಗಿ ‘ಅಕ್ಕಾ, ಹೂವಿನ ಔಷಧಿ’ ಎಂದು ಸೀಸೆ ಹಿಡಿದು ನಿಂತಳು. ನಾನು ಅದನ್ನು ಅವಳ ಕೈಯಿಂದ ತೆಗೆದು ಕಪಾಟಿನಲ್ಲಿಟ್ಟೆ. ಆಳಕ್ಕೆ ಚುಚ್ಚಿದ ಗಾಯದ ಬಾಯಿ ಬೇಗ ಮುಚ್ಚಿಕೊಂಡರೆ ಒಳಗಿನ ಕೊಳೆ ಒಳಗೇ ಉಳಿದು ಕೀವಾಗುತ್ತದೆ. ಬಟ್ಟೆ ಸುತ್ತಿ ಆಟೋ ಹತ್ತಿಸಿದೆ. ಎಕ್ಸ್‌ರೇಯಲ್ಲಿ ಸೂಜಿಯ ತುದಿ ಅಕ್ಕಿಕಾಳಿನಷ್ಟು ಕಾಣಿಸಿತು. ತೆಗೆದು, ಟಿ.ಟಿ. ಚುಚ್ಚಿ ಕಳಿಸಿದರು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೂ ನಾನು ಈ ಸೀಸೆ ಕೊಡುವುದಿಲ್ಲ, ಎಷ್ಟೇ ಕೇಳಿದರೂ. ಹೊಟ್ಟೆಗಂತೂ ಯಾರಿಗೂ ಇಲ್ಲ, ಬಸುರಿಯರಿಗೆ ಮೊದಲೇ ಇಲ್ಲ.

ಬೆಂಗಳೂರಿನವರು ನೆನಪಿಡಬೇಕಾದದ್ದು ಇನ್ನೊಂದಿದೆ. ಖಾಲಿ ನಿವೇಶನಗಳಲ್ಲೆಲ್ಲ ಬೆಳೆಯುವ ಕಾಂಗ್ರೆಸ್ ಗಿಡವೂ ಈ ಹೂವಿನ ಕುಟುಂಬದ್ದೇ. ಅದರಿಂದ ಮೈ ತುರಿಸುವವರಿಗೆ ಕ್ಯಾಲೆಂಡುಲಾವೂ ಒಗ್ಗದಿರಬಹುದು. ಮೊಣಕೈ ಒಳಬದಿಗೆ ನೀರು ಬೆರೆಸಿದ ಒಂದು ಹನಿ ಹಚ್ಚಿ ಒಂದು ದಿನ ಕಾಯಬೇಕು. ನಮ್ಮ ಮನೆಯಲ್ಲಿ ಸಂಜೆಯ ಹೊತ್ತಿಗೇ ರೂಪಾಯಿಯಗಲ ಕೆಂಪು ದದ್ದು ಎದ್ದದ್ದು ಕೊತ್ತಂಬರಿಯ ಕೆಳಗೆ ವೋಡ್ಕಾ ಹೊತ್ತು ತಂದವರಿಗೆ. ಈಗಲೂ ತರುವುದು ಅವರೇ, ಹಚ್ಚಿಕೊಳ್ಳುವ ಭಾಗ್ಯ ಮಾತ್ರ ಇಲ್ಲ.

ಪ್ರತಿ ವರ್ಷ ಕೊನೆಯ ಹತ್ತು ಹನ್ನೆರಡು ಹೂವನ್ನು ಕೀಳದೆ ಬೀಜಕ್ಕೆ ಬಿಡುತ್ತೇನೆ. ಹೋದ ವರ್ಷ ಹೊಲಿದ ಬ್ಲೌಸಿನ ಜೊತೆ ಒಂದೊಂದು ಪೊಟ್ಟಣ ಬೀಜ ಕೊಟ್ಟೆ. ನಾಲ್ಕು ಜನ ಬಂದು ಗಿಡ ಮೇಲೇಳಲೇ ಇಲ್ಲ ಎಂದು ದೂರಿದರು. ವಿಚಾರಿಸಿದರೆ ಕೈಗೆ ಸಿಕ್ಕ ಖುಷಿಗೆ ಯುಗಾದಿಯ ವಾರದಲ್ಲೇ ಬಿತ್ತಿದ್ದರಂತೆ. ಈ ಸಲ ಪೊಟ್ಟಣದ ಮೇಲೆ ಗುರುತು ಹಾಕುವ ನೀಲಿ ಚಾಕಿನಿಂದ ‘ಗಣೇಶನನ್ನು ಬಿಟ್ಟ ಮೇಲೆ’ ಎಂದು ಬರೆದಿದ್ದೇನೆ.