ತುಂಗಭದ್ರೆಯ ಇಳಿಜಾರನ್ನು ದಾರದಿಂದ ಅಳೆದ ಬಗೆ

ಭೂಗೋಳದ ಪಾಠಕ್ಕೆಂದು ತುಂಗಭದ್ರೆಯ ಪಾತ್ರವನ್ನು ಬಿಡಿಸಲು ಕುಳಿತಾಗ, ಭೂಪಟದ ನೀಲಿ ಗೆರೆಗಿಂತ ನದಿ ಎಲ್ಲೆಲ್ಲಿ ಎಷ್ಟೆಷ್ಟು ಇಳಿಯುತ್ತದೆಂಬುದನ್ನು ತೋರಿಸುವ ರೇಖಾಚಿತ್ರವೇ ಮೇಲೆನಿಸಿತು. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಗಳನ್ನು ಸಾಲಾಗಿ ಹೊಂದಿಸಿ, ಹತ್ತಿಯ ದಾರವನ್ನು ನದಿಯ ಪ್ರತಿ ತಿರುವಿಗೂ ಕೂರಿಸುತ್ತ ಹೋದೆ. ದಾರದ 2 ಸೆಂ.ಮೀ. ಎಂದರೆ ನೆಲದ 1 ಕಿ.ಮೀ. ಸಮೋನ್ನತಿ ರೇಖೆ (ಒಂದೇ ಎತ್ತರದ ತಾಣಗಳನ್ನು ಜೋಡಿಸುವ ಗೆರೆ) ನದಿಯನ್ನು ದಾಟುವಲ್ಲೆಲ್ಲ ದಾರಕ್ಕೆ ಗುರುತು ಹಾಕಿ, ಅದನ್ನು ಗ್ರಾಫ್ ಹಾಳೆಗೆ ಇಳಿಸಿದೆ.

ಆರಂಭದ ಬಿಂದುವಾಗಿ ಉಗಮವನ್ನಲ್ಲ, ಕೂಡ್ಲಿಯ ಸಂಗಮವನ್ನು ಆರಿಸಿಕೊಂಡೆ. ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳ ಮೂಲಕ 147 ಕಿ.ಮೀ. ಹರಿದು ಕೂಡ್ಲಿ ಸೇರುತ್ತದೆ. ಗಂಗಾಮೂಲದಲ್ಲಿಯೇ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು, ಭದ್ರಾವತಿಗಳನ್ನು ಬಳಸಿ ಇನ್ನಷ್ಟು ದೂರ ಸುತ್ತಿ ಬರುತ್ತದೆ. ಹುಟ್ಟೂ ಒಂದೇ, ಸೇರುವ ತಾಣವೂ ಒಂದೇ ಆದುದರಿಂದ, ಉದ್ದವಾದ ಭದ್ರೆಯ ಸರಾಸರಿ ಇಳಿಜಾರು ಕಡಿಮೆಯಿರಲೇಬೇಕು.

ಕೂಡ್ಲಿಯಿಂದ ಕೃಷ್ಣೆಯವರೆಗಿನ 531 ಕಿ.ಮೀ. ಗೆರೆ ಮೊದಮೊದಲು ಬಹುತೇಕ ಮಲಗಿಯೇ ಇರುತ್ತದೆ. ಶಿವಮೊಗ್ಗದ ಎತ್ತರ ಸುಮಾರು 569 ಮೀಟರ್; ಹೊನ್ನಾಳಿ, ಹರಿಹರಗಳನ್ನು ದಾಟಿ, ಗಳಗನಾಥದಲ್ಲಿ ವರದೆಯನ್ನು ಕೂಡಿಕೊಂಡು ನದಿ ಹೊಸಪೇಟೆಯ ಬಳಿಯ ಜಲಾಶಯವನ್ನು ಮುಟ್ಟುವಾಗ, ತುಂಬಿದ ನೀರಿನ ಮಟ್ಟ 1,633 ಅಡಿ, ಅಂದರೆ ಸುಮಾರು 498 ಮೀಟರ್. ಅಲ್ಲಿ ವೇಗ ಸತ್ತ ನೀರು ತಾನು ಹೊತ್ತು ತಂದ ಮಣ್ಣನ್ನು ಇಳಿಸಿಬಿಡುತ್ತದೆ. 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿಯಷ್ಟಿದ್ದ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಸಾಮರ್ಥ್ಯ ಈಗ ಸುಮಾರು 105ಕ್ಕೆ ಇಳಿದಿರುವುದಕ್ಕೆ ಈ ಹೂಳೇ ಕಾರಣ.

ಅಣೆಕಟ್ಟೆಯ ಕೆಳಗೆ ನನ್ನ ಚಿತ್ರದ ಅತ್ಯಂತ ಸ್ವಾರಸ್ಯದ ಭಾಗವಿದೆ. ಹಂಪಿ-ಆನೆಗೊಂದಿಯ ಕಣಶಿಲೆಯ (ಗ್ರಾನೈಟ್) ಬಂಡೆಗಳ ನಡುವೆ ನದಿ ಕವಲೊಡೆದು ನಡುಗಡ್ಡೆಗಳನ್ನು ಸುತ್ತುವುದರಿಂದ ದಾರವನ್ನು ಯಾವ ಕವಲಿಗೆ ಕೂರಿಸಬೇಕೆಂಬುದೇ ಪ್ರಶ್ನೆ. ನಾನು ಬೇಸಗೆಯಲ್ಲೂ ಬತ್ತದ ಕವಲನ್ನೇ ಹಿಡಿದೆ. ವಿಜಯನಗರದವರು ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ ಒಡ್ಡು ಕಟ್ಟಿ, ‘ತುರ್ತು’ ಎಂಬ ಹೆಸರಿನ ಕಾಲುವೆಯಂಥವನ್ನು ತೆಗೆದದ್ದು ಇಲ್ಲಿಯೇ. ಕಡಿಮೆ ದೂರದಲ್ಲಿ ಸಿಗುವ ಇಳಿತವನ್ನು ಅವರು ನಕ್ಷೆಯಿಲ್ಲದೆಯೇ ಗುರುತಿಸಿದ್ದರು.

ಮುಂದೆ ಕಂಪ್ಲಿ, ವೇದಾವತಿಯ ಕೂಡಿಕೆ, ಮಂತ್ರಾಲಯ, ಕರ್ನೂಲು. ಕೊನೆಯ ಬಿಂದು ಮಾತ್ರ ಸ್ಥಿರವಲ್ಲ. ಶ್ರೀಶೈಲಂ ಜಲಾಶಯ 885 ಅಡಿಗೆ ತುಂಬಿದಾಗ ಕೃಷ್ಣೆಯೊಂದಿಗಿನ ಸಂಗಮ ಹಿನ್ನೀರಿನಡಿ ಮುಳುಗಿ, ನೀರು ಇಳಿದ ಮೇಲಷ್ಟೇ ಸಂಗಮೇಶ್ವರ ದೇಗುಲ ಕಾಣುತ್ತದೆ. ಆದ್ದರಿಂದ ಆ ತುದಿಗೆ ಎರಡು ಗೆರೆ ಎಳೆದೆ: ತುಂಬಿದ ಮಟ್ಟಕ್ಕೆ ಅಖಂಡ ಗೆರೆ, ಅಣೆಕಟ್ಟೆಗೆ ಮುಂಚಿನ ಪಾತ್ರಕ್ಕೆ ಚುಕ್ಕೆಗೆರೆ.