‘ನೀರು’ ಎಂಬ ಒಂದು ಪದ, ನಲವತ್ತು ಭಾಷೆ: ತಪ್ಪಿಲ್ಲದ ಪಟ್ಟಿ ಮಾಡುವ ಬಗೆ

ಒಂದು ದಿನಬಳಕೆಯ ಪದವನ್ನು ಹತ್ತಾರು ಭಾಷೆಗಳಲ್ಲಿ ಜೋಡಿಸಿದ ಪಟ್ಟಿಗಳು ಅಂತರಜಾಲದಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಬಹಳಷ್ಟು ನಂಬಲು ಬರುವುದಿಲ್ಲ. ಇಂಗ್ಲಿಷಿನ ಒಂದು ಪದವನ್ನು ಅನುವಾದ ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಸಾಲಾಗಿ ಅಂಟಿಸಿದರೆ ಪಟ್ಟಿಯೇನೋ ಆಗುತ್ತದೆ. ಆದರೆ ಯಾವ ಸಾಲು ಸರಿ, ಯಾವುದು ತಪ್ಪು ಎಂದು ಅದನ್ನು ಮಾಡಿದವರೂ ಹೇಳಲಾರರು. ಸರಿಯಾಗಿ ಮಾಡುವುದು ಕಷ್ಟವೇನಲ್ಲ, ಕೆಲಸದ ಕ್ರಮ ಮಾತ್ರ ಬೇರೆ. ಇಲ್ಲಿ ‘ನೀರು’ ಪದವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇವೆ. ‘ಕೈ’, ‘ಅನ್ನ’, ‘ಮನೆ’ ಯಾವುದನ್ನು ಹಿಡಿದರೂ ದಾರಿ ಇದೇ.

ಪದಕ್ಕಿಂತ ಮೊದಲು ವಾಕ್ಯ

‘ನೀರಿಗೆ ನಿಮ್ಮ ಭಾಷೆಯಲ್ಲಿ ಏನಂತಾರೆ?’ ಎಂದು ಯಾರನ್ನೂ ನೇರವಾಗಿ ಕೇಳಬೇಡಿ. ಮೊದಲು ನಾಲ್ಕು ವಾಕ್ಯ ಬರೆದುಕೊಳ್ಳಿ:

1. ಕುಡಿಯಲು ಒಂದು ಲೋಟ ನೀರು ಕೊಡಿ.
2. ಸ್ನಾನಕ್ಕೆ ನೀರು ಕಾದಿದೆ.
3. ಹೊಳೆಯಲ್ಲಿ ನೀರು ಏರಿದೆ.
4. ಸಮುದ್ರದ ನೀರು ಉಪ್ಪು.

ಕನ್ನಡದಲ್ಲಿ ನಾಲ್ಕಕ್ಕೂ ಒಂದೇ ಪದ ಸಾಕು. ಜಪಾನಿಯಲ್ಲಿ ಸಾಲದು. ಮೊದಲನೆಯದಕ್ಕೆ ‘ಮಿಜ಼ು’, ಎರಡನೆಯದಕ್ಕೆ ‘ಒಯು’. ಕಾಯಿಸಿದ ನೀರಿಗೆ ಅಲ್ಲಿ ಹೆಸರೇ ಬೇರೆ. ‘ಬಿಸಿ’ ಎಂಬ ವಿಶೇಷಣವನ್ನು ‘ಮಿಜ಼ು’ವಿಗೆ ಹಚ್ಚಿದರೆ ಅರ್ಥವಾದರೂ ಕಿವಿಗೆ ಒಗ್ಗುವುದಿಲ್ಲ. ಹವಾಯಿಯ ಭಾಷೆಯಲ್ಲಿ ಸಿಹಿನೀರು ‘ವಾಯ್’, ಕಡಲೂ ಕಡಲ ನೀರೂ ‘ಕಾಯ್’. ಅಮೆರಿಕದ ಮೂಲನಿವಾಸಿಗಳ ಹೋಪಿ ಭಾಷೆ ಬೇರೊಂದು ಕಡೆ ಗೆರೆ ಎಳೆಯುತ್ತದೆ. ಊಟೆಯಲ್ಲೋ ಹಳ್ಳದಲ್ಲೋ ತಾನಾಗಿ ಇರುವ ನೀರು ‘ಪಾಹು’, ಪಾತ್ರೆಯಲ್ಲಿ ತುಂಬಿಟ್ಟದ್ದು ‘ಕೂಯಿ’. ಅಷ್ಟು ದೂರ ಹೋಗುವುದೂ ಬೇಡ. ತೆಲುಗಿನಲ್ಲಿ ನೀರು ‘ನೀಳ್ಳು’ ನಿಜ, ಆದರೆ ಕುಡಿಯುವ ನೀರನ್ನು ಕೇಳುವವರು ‘ಮಂಚಿ ನೀಳ್ಳು’ ಎನ್ನುತ್ತಾರೆ. ತಮಿಳಿನ ‘ತಣ್ಣೀರ್’ ಮೂಲದಲ್ಲಿ ತಣ್ಣನೆಯ ನೀರು. ಈಗ ಅದು ಎಲ್ಲ ನೀರಿಗೂ ಹರಡಿದೆ. ಆಡುಮಾತಿನಲ್ಲಿ ಬಿಸಿನೀರನ್ನು ‘ಸುಡು ತಣ್ಣಿ’ ಎನ್ನುವಷ್ಟು!

ನಾಲ್ಕೂ ವಾಕ್ಯಕ್ಕೆ ಉತ್ತರ ಬಂದ ಮೇಲೆ ಎಷ್ಟು ಬೇರೆಬೇರೆ ಪದ ಸಿಕ್ಕಿದವು ನೋಡಿ. ಒಂದೇ ಸಿಕ್ಕಿದರೆ ಒಂದು ಸಾಲು, ಎರಡು ಸಿಕ್ಕಿದರೆ ಎರಡು ಸಾಲು. ಪಟ್ಟಿಯ ಅಂದಕ್ಕಾಗಿ ಒಂದನ್ನು ಕೈಬಿಡುವುದು ದೊಡ್ಡ ತಪ್ಪು. ಆ ಭಾಷೆಯ ಬಗ್ಗೆ ಹೇಳಲು ಇದ್ದ ಮುಖ್ಯ ಸಂಗತಿಯೇ ಅಲ್ಲಿ ಅಳಿಸಿಹೋಗುತ್ತದೆ.

ಹಾಗೆಯೇ ಎದುರು ದಿಕ್ಕಿನಿಂದಲೂ ಕೇಳಬೇಕು: ಈ ಪದಕ್ಕೆ ಇನ್ನೇನೇನು ಅರ್ಥವಿದೆ? ಐಸ್‌ಲ್ಯಾಂಡಿಕ್ ಭಾಷೆಯ ‘ವತ್ನ್’ ನೀರೂ ಹೌದು, ಸರೋವರವೂ ಹೌದು. ಹೌಸಾ ಭಾಷೆಯ ‘ರುವಾ’ ಮಳೆಗೂ ಸಲ್ಲುತ್ತದೆ. ವಿಯೆಟ್ನಾಮಿಯಲ್ಲಿ ನೀರಿನ ಪದವೇ ದೇಶಕ್ಕೂ ಪದ. ಇದನ್ನು ಬರೆಯಲು ‘ಇತರ ಅರ್ಥ’ ಎಂಬ ಕಾಲಂ ಇರಲಿ. ಅದರ ಪಕ್ಕದಲ್ಲಿ ‘ಕಣ್ಣೀರಿಗೆ ಏನಂತಾರೆ’ ಎಂಬ ಕಾಲಂ ಸೇರಿಸಿದರೆ ಪಟ್ಟಿಗೆ ಜೀವ ಬರುತ್ತದೆ. ಕಣ್ಣು ಮತ್ತು ನೀರನ್ನು ಕೂಡಿಸಿ ಆ ಪದ ಕಟ್ಟಿದ್ದು ಕನ್ನಡವೊಂದೇ ಅಲ್ಲ. ಇಂಡೊನೇಷ್ಯಾದ ‘ಆಇರ್ ಮಾತಾ’, ಥಾಯ್‌ನ ‘ನಾಮ್ ತಾ’, ಹವಾಯಿಯ ‘ವಾಯ್‌ಮಕ’ ಮೂರರಲ್ಲೂ ಇರುವುದು ನೀರು ಮತ್ತು ಕಣ್ಣೇ. ಕ್ರಮ ಮಾತ್ರ ತಿರುಗುಮುರುಗು.

ವಾಕ್ಯದಿಂದ ಪದವನ್ನು ಬಿಡಿಸುವುದು

ವಾಕ್ಯ ಕೇಳಿದರೆ ಅರ್ಥ ಖಚಿತವಾಗುತ್ತದೆ. ಆದರೆ ಒಳಗಿನ ಪದ ನಿಘಂಟಿನ ರೂಪದಲ್ಲಿ ಇರುವುದಿಲ್ಲ. ಫಿನ್ನಿಷ್ ಭಾಷೆಯಲ್ಲಿ ‘ನಾನು ನೀರು ಕುಡಿಯುತ್ತೇನೆ’ ಎಂದರೆ ‘ಯುಓನ್ ವೆತ್ತಾ’. ಈ ‘ವೆತ್ತಾ’ವನ್ನು ಹಾಗೇ ಪಟ್ಟಿಗೆ ಇಳಿಸಿದರೆ ತಪ್ಪು. ಅದು ವಿಭಕ್ತಿ ಹತ್ತಿದ ರೂಪ, ನಿಘಂಟಿನ ರೂಪ ‘ವೆಸಿ’. ರಷ್ಯನ್‌ನಲ್ಲಿ ‘ವೋದು’ ಎಂದು ಸಿಕ್ಕಿದ್ದು ದ್ವಿತೀಯಾ ವಿಭಕ್ತಿ, ಬೇಕಾದದ್ದು ‘ವದಾ’. ವೆಲ್ಷ್ ಭಾಷೆಯಲ್ಲಿ ಪದದ ಮೊದಲ ಅಕ್ಷರವೇ ಹಿಂದಿನ ಪದಕ್ಕೆ ತಕ್ಕಂತೆ ಬದಲಾಗುತ್ತದೆ, ಆದ್ದರಿಂದ ವಾಕ್ಯದಲ್ಲಿ ಕಂಡದ್ದನ್ನು ನಿಘಂಟಿನಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಹೀಗಾಗಿ ಪ್ರತಿ ಭಾಷೆಗೂ ಎರಡು ಕಾಲಂ ಬೇಕು: ವಾಕ್ಯದಲ್ಲಿ ಬಂದ ರೂಪ, ನಿಘಂಟಿನ ರೂಪ.

ಏಕವಚನ ಸಿಗುವವರೆಗೆ ಬಿಡುವುದಿಲ್ಲ ಎಂದು ಹಟ ಹಿಡಿಯಬೇಡಿ. ಹೀಬ್ರೂವಿನ ‘ಮಾಯಿಮ್’ಗೆ ಬಹುವಚನದ ರೂಪವೇ ಇರುವುದು, ಅದರ ಜೊತೆ ಬರುವ ವಿಶೇಷಣವೂ ಬಹುವಚನದಲ್ಲೇ ಇರುತ್ತದೆ. ಸ್ವಾಹಿಲಿಯ ‘ಮಾಜಿ’, ಜ಼ುಲುವಿನ ‘ಅಮಾಂಜ಼ಿ’ ಕೂಡ ಬಹುವಚನದ ಪ್ರತ್ಯಯ ಹೊತ್ತ ಪದಗಳು. ಸಂಸ್ಕೃತದ ‘ಆಪಃ’ ಗೊತ್ತಿದ್ದವರಿಗೆ ಇದು ಹೊಸತಲ್ಲ, ಅದೂ ಸದಾ ಬಹುವಚನ.

ಲಿಂಗವಿರುವ ಭಾಷೆಗಳಲ್ಲಿ ಪದದ ಪಕ್ಕ ಲಿಂಗವನ್ನೂ ಬರೆಯಿರಿ. ಹಿಂದೆ ಬರುವ ಚಿಕ್ಕ ಪದವನ್ನು ನೋಡಿ ಲಿಂಗ ಊಹಿಸಬೇಡಿ. ಸ್ಪ್ಯಾನಿಷ್‌ನಲ್ಲಿ ‘ಎಲ್ ಆಗ್ವಾ’ ಎನ್ನುತ್ತಾರೆ, ‘ಎಲ್’ ಸಾಮಾನ್ಯವಾಗಿ ಪುಲ್ಲಿಂಗದ್ದು. ಆದರೂ ‘ಆಗ್ವಾ’ ಸ್ತ್ರೀಲಿಂಗ. ಒತ್ತು ಬಿದ್ದ ‘ಆ’ದಿಂದ ಶುರುವಾಗುವ ಸ್ತ್ರೀಲಿಂಗ ಪದಗಳು ಏಕವಚನದಲ್ಲಿ ‘ಎಲ್’ ತೆಗೆದುಕೊಳ್ಳುತ್ತವೆ, ಅಷ್ಟೆ. ಮಾಲ್ಟೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿಯ ‘ಇಲ್ಮಾ’ದಲ್ಲಿ ಆ ಚಿಕ್ಕ ಪದ ನೀರಿನ ಪದದೊಳಗೇ ಬೆಸೆದುಕೊಂಡಿದೆ.

ಯಾವ ಭಾಷೆಗಳನ್ನು ಆರಿಸಬೇಕು

ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಮನೆಯಲ್ಲಿ ಕುಳಿತು ಮಾಡುವ ಪಟ್ಟಿಗೆ 40 ಸಾಕು, ಆದರೆ ದೇಶಗಳ ಲೆಕ್ಕದಲ್ಲಿ ಆರಿಸಬೇಡಿ. ಯುರೋಪಿಯನ್ ಒಕ್ಕೂಟದ 24 ಅಧಿಕೃತ ಭಾಷೆಗಳನ್ನು ತೆಗೆದುಕೊಂಡರೆ 20 ಒಂದೇ ಇಂಡೋ-ಯುರೋಪಿಯನ್ ಕುಟುಂಬದವು. ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್, ಮಾಲ್ಟೀಸ್ ಮಾತ್ರ ಹೊರಗಿನವು. ಪಟ್ಟಿ ಉದ್ದವಾಗುತ್ತದೆ, ಜಗತ್ತು ಕಾಣುವುದಿಲ್ಲ. ಒಂದು ಕುಟುಂಬದಿಂದ ಎರಡು ಮೂರು ಭಾಷೆ ಎಂಬ ಮಿತಿ ಹಾಕಿಕೊಳ್ಳಿ. ಬಾಸ್ಕ್ (‘ಉರ್’) ತರಹದ, ಯಾವ ಕುಟುಂಬಕ್ಕೂ ಸೇರದ ಒಂಟಿ ಭಾಷೆಗೂ ಜಾಗ ಇಡಿ. ಟರ್ಕಿಷ್ ‘ಸು’, ಕೊರಿಯನ್ ‘ಮುಲ್’, ಹಂಗೇರಿಯನ್ ‘ವೀಜ಼್’, ಯೊರುಬಾ ‘ಒಮಿ’, ನವಾಹೋ ‘ತೋ’ ಹೀಗೆ ಬಂದರೆ ಹರವು ಕಾಣುತ್ತದೆ.

ಭಾಷೆಯ ಹೆಸರಿನ ಜೊತೆ, ಭಾಷೆಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಮಾನಕವಾದ ಐಎಸ್ಒ 639-3ರ ಮೂರಕ್ಷರದ ಸಂಕೇತವನ್ನು ಕಡ್ಡಾಯವಾಗಿ ಬರೆಯಿರಿ. ‘ಅರೇಬಿಕ್’ ಎಂದಷ್ಟೇ ಬರೆದರೆ ಯಾವುದು ಎಂದು ತಿಳಿಯದು. ಬರಹದ ಅರೇಬಿಕ್‌ನಲ್ಲಿ ‘ಮಾ’ ಎಂದು ಎಳೆದು ಕೊನೆಗೆ ಗಂಟಲಲ್ಲಿ ಉಸಿರು ತಡೆಯುತ್ತಾರೆ, ಈಜಿಪ್ಟಿನ ಮಾತಿನಲ್ಲಿ ಅದು ‘ಮಯ್ಯಾ’. ಎರಡಕ್ಕೂ ಬೇರೆ ಸಂಕೇತಗಳಿವೆ. ಬಂಗಾಳಿಗೆ ಸಂಕೇತ ಒಂದೇ ಆದರೂ ಪದ ಎರಡು: ಪಶ್ಚಿಮ ಬಂಗಾಳದಲ್ಲಿ ಹೆಚ್ಚಾಗಿ ‘ಜೊಲ್’, ಬಾಂಗ್ಲಾದೇಶದಲ್ಲಿ ‘ಪಾನಿ’. ಇಂಥ ಕಡೆ ಎರಡನ್ನೂ ಸ್ಥಳದ ಹೆಸರಿನೊಂದಿಗೆ ಕೊಡಿ.

ಎಲ್ಲಿಂದ ತೆಗೆಯಬೇಕು

ಅನುವಾದ ಯಂತ್ರವನ್ನು ಮೊದಲ ಆಕರ ಮಾಡಬೇಡಿ. ಕನ್ನಡದಿಂದ ಫಿನ್ನಿಷ್‌ಗೆ ಹೋಗುವಾಗ ಬಹಳ ಸಲ ಮಧ್ಯದಲ್ಲಿ ಇಂಗ್ಲಿಷ್ ಬರುತ್ತದೆ, ಇಂಗ್ಲಿಷಿನಲ್ಲಿ ಇಲ್ಲದ ವ್ಯತ್ಯಾಸ ಅಲ್ಲೇ ಕಳೆದುಹೋಗುತ್ತದೆ. ‘ಅಣ್ಣ’ ಎಂದು ಕೊಟ್ಟರೆ ಮಧ್ಯದಲ್ಲಿ ಅದು ಬರೀ ಸಹೋದರನಾಗುತ್ತದೆ. ಜಪಾನಿಯಲ್ಲೂ ಅಣ್ಣ ತಮ್ಮಂದಿರಿಗೆ ಬೇರೆಬೇರೆ ಪದಗಳಿವೆ, ಆದರೂ ಆ ತುದಿಯಲ್ಲಿ ಬರುವುದು ಯಾವುದು ಎಂಬ ಖಾತ್ರಿ ಇರುವುದಿಲ್ಲ.

ದಿನಬಳಕೆಯ ಪದಗಳಿಗೆ ಒಳ್ಳೆಯ ಆರಂಭವೆಂದರೆ ಅಮೆರಿಕದ ಭಾಷಾವಿಜ್ಞಾನಿ ಮೋರಿಸ್ ಸ್ವಾದೇಶ್ 1950ರ ದಶಕದಲ್ಲಿ ರೂಪಿಸಿದ ಮೂಲಪದಗಳ ಪಟ್ಟಿ. ಈಗ ಬಳಕೆಯಲ್ಲಿರುವ ಉದ್ದದ ರೂಪದಲ್ಲಿ 207 ಅರ್ಥಗಳಿವೆ. ನೀರು, ಕೈ, ಕಲ್ಲು, ಸೂರ್ಯ ಎಲ್ಲವೂ ಅದರಲ್ಲಿವೆ, ನೂರಾರು ಭಾಷೆಗಳಿಗೆ ಆ ಪಟ್ಟಿ ತುಂಬಿದ್ದು ಸಿಗುತ್ತದೆ. ಒಂದೇ ಪದ ಯಾವ ಯಾವ ಅರ್ಥಗಳನ್ನು ಹೊರುತ್ತದೆ ಎಂದು ನೋಡಲು ಕ್ಲಿಕ್ಸ್ ಎಂಬ ದತ್ತಸಂಗ್ರಹವಿದೆ. ‘ಕೈ’ ಹಿಡಿದರೆ ಭಾಷಾರಚನೆಗಳ ಜಾಗತಿಕ ಅಟ್ಲಾಸ್ ನೋಡಿ. ಬೆರಳಿರುವ ಕೈಗೂ ಇಡೀ ತೋಳಿಗೂ ಒಂದೇ ಪದವೋ ಎರಡೋ ಎಂದು 617 ಭಾಷೆಗಳಲ್ಲಿ ಪರಿಶೀಲಿಸಿದ್ದಾರೆ, 228ರಲ್ಲಿ ಒಂದೇ ಪದ. ಅಂತರಜಾಲದ ಮುಕ್ತ ನಿಘಂಟಾದ ವಿಕ್ಷನರಿಯ ಅನುವಾದ ಕೋಷ್ಟಕ ಬಳಸಬಹುದು, ಆದರೆ ಅಲ್ಲಿಂದ ಆ ಭಾಷೆಯ ಪುಟಕ್ಕೇ ಹೋಗಿ ಲಿಂಗ, ವಚನ, ಉಚ್ಚಾರಣೆ ನೋಡಿ ಬನ್ನಿ. ಪ್ರತಿ ಸಾಲಿಗೂ ಒಂದರಿಂದ ಇನ್ನೊಂದು ನಕಲಾಗದ ಎರಡು ಆಕರ ಬೇಕು. ಎರಡರಲ್ಲೂ ಒಂದೇ ವಿಚಿತ್ರ ಕಾಗುಣಿತ ದೋಷ ಕಂಡರೆ ಅವು ಎರಡಲ್ಲ, ಒಂದೇ.

ಕನ್ನಡ ಲಿಪಿಯಲ್ಲಿ ಬರೆಯುವುದು

ಈ ಕೆಲಸಕ್ಕೆ ನಮ್ಮ ಲಿಪಿ ಬಹಳ ಚೆನ್ನಾಗಿ ಒದಗುತ್ತದೆ. ಎ-ಏ, ಒ-ಓ ಬೇರೆ, ತ-ಟ ಬೇರೆ, ಅಲ್ಪಪ್ರಾಣ ಮಹಾಪ್ರಾಣ ಬೇರೆ, ಶ-ಷ ಬೇರೆ. ಇದನ್ನೆಲ್ಲ ಬಳಸಿಕೊಳ್ಳಬೇಕು. ಇಂಗ್ಲಿಷ್ ಪದಗಳಿಗೆ ಟ-ಡ ಬರೆಯುವ ರೂಢಿಯಿಂದ ರಷ್ಯನ್ನಿಗೂ ‘ವೋಡಾ’ ಎಂದು ಬರೆಯುತ್ತಾರೆ. ಅಲ್ಲಿ ಎರಡು ತಪ್ಪಿವೆ. ರಷ್ಯನ್ನಿನ ಆ ದನಿ ಹಲ್ಲಿಗೆ ತಾಗುವ ‘ದ’. ಜೊತೆಗೆ, ಒತ್ತು ಬೀಳದ ‘ಒ’ ಅಲ್ಲಿ ‘ಅ’ದ ಹತ್ತಿರಕ್ಕೆ ಬರುತ್ತದೆ, ಒತ್ತು ಕೊನೆಯಲ್ಲಿದೆ. ಆದ್ದರಿಂದ ‘ವದಾ’. ಅದೇ ಪದದಿಂದ ಹುಟ್ಟಿದ ‘ವೋಡ್ಕಾ’ದಲ್ಲಿ ಒತ್ತು ಮೊದಲಿಗಿದೆ, ಅದಕ್ಕೇ ಅಲ್ಲಿ ‘ಒ’ ಉಳಿದಿದೆ.

ನೆನಪಿಡಬೇಕಾದದ್ದು ಇದು: ರೋಮನ್ ಕಾಗುಣಿತವನ್ನು ಇಂಗ್ಲಿಷಿನಂತೆ ಓದಿ ಬರೆಯಬಾರದು. ಮಲಯ್ ಮತ್ತು ಇಂಡೊನೇಷ್ಯನ್‌ನಲ್ಲಿ ನೀರಿನ ಪದದ ಕಾಗುಣಿತ ಇಂಗ್ಲಿಷಿನಲ್ಲಿ ಗಾಳಿಗೆ ಇರುವುದೇ, ಓದುವುದು ‘ಆಇರ್’. ಫ್ರೆಂಚಿನಲ್ಲಿ ಮೂರು ಸ್ವರಾಕ್ಷರ ಬರೆದು ಒಂದೇ ‘ಓ’ ಎನ್ನುತ್ತಾರೆ. ಜರ್ಮನ್ ಪದ ‘ವ’ದಿಂದ ಶುರುವಾಗಿ ‘ಸ’ದಲ್ಲಿ ನಡೆಯುತ್ತದೆ: ‘ವಸ್ಸರ್’.

ಚೀನಿಯ ಮ್ಯಾಂಡರಿನ್‌ನಲ್ಲಿ ‘ಷ್ವೇಯ್’. ನಾಲಗೆ ಮಡಿಸಿ ಹೇಳುವ ದನಿಯಾದ್ದರಿಂದ ‘ಷ’ ಬೇಕು, ‘ಶ’ ಅಲ್ಲ. ದನಿಯ ಏರಿಳಿತದ (ಟೋನ್) ಸಂಖ್ಯೆಯನ್ನು ಪಕ್ಕದಲ್ಲೇ ಹಾಕಿ, ‘ಷ್ವೇಯ್ 3’ ಎಂದು. ಅದನ್ನು ಬಿಟ್ಟರೆ ನಾಲ್ಕನೆಯ ಏರಿಳಿತದ ‘ಷ್ವೇಯ್’, ಅಂದರೆ ‘ನಿದ್ದೆ ಮಾಡು’, ಎಂದು ಓದಬಹುದು. ಜ, ಫಗಳ ಕೆಳಗೆ ನುಕ್ತಾ ಎಂಬ ಚುಕ್ಕೆ ಹಾಕಿ (ಜ಼, ಫ಼), ಇಲ್ಲವಾದರೆ ಹಂಗೇರಿಯನ್ನಿನ ‘ವೀಜ಼್’ ಕೆಡುತ್ತದೆ. ಜಾರ್ಜಿಯನ್ನಿನ ‘ತ್ಸ್ಕಲಿ’ಯಂಥ ಪದಕ್ಕೆ ಮಾತ್ರ ನಮ್ಮ ಲಿಪಿ ಸಾಲುವುದಿಲ್ಲ. ಅದರಲ್ಲಿ ಗಂಟಲು ಮುಚ್ಚಿ ಸಿಡಿಸುವ ಎರಡು ದನಿಗಳಿವೆ. ಅದಕ್ಕಾಗಿ ಮೂಲ ಲಿಪಿ, ಕನ್ನಡ ಲಿಪಿ, ಅಂತರರಾಷ್ಟ್ರೀಯ ಧ್ವನಿಲಿಪಿ ಮೂರಕ್ಕೂ ಕಾಲಂ ಇಡಬೇಕು.

ಕಡತವನ್ನು ಎಲ್ಲ ಲಿಪಿಗಳನ್ನೂ ಹಿಡಿಯುವ ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಿ. ತೆರೆಯುವಾಗ ಸ್ಪ್ರೆಡ್‌ಶೀಟ್ ಬೇರೆ ಎನ್‌ಕೋಡಿಂಗ್ ಊಹಿಸಿದರೆ ಇಂಗ್ಲಿಷಿನ ಹೊರಗಿನದೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಆಮದು ಮಾಡುವ ಕಿಟಕಿಯಲ್ಲಿ ಯುಟಿಎಫ್-8 ಎಂದು ಕೈಯಾರೆ ಆರಿಸಿ. ಅರೇಬಿಕ್, ಹೀಬ್ರೂ ಬಲದಿಂದ ಎಡಕ್ಕೆ ಓಡುವುದರಿಂದ ಅದೇ ಕೋಶದಲ್ಲಿ ಕನ್ನಡವನ್ನೋ ಅಂಕಿಯನ್ನೋ ಬೆರೆಸಬೇಡಿ, ಕ್ರಮ ಅದಲುಬದಲಾಗಿ ಕಾಣುತ್ತದೆ.

ಹೋಲಿಕೆ ಕಂಡಾಗ

ಪಟ್ಟಿ ತುಂಬಿದ ಮೇಲೆ ಕಣ್ಣು ಹೋಲಿಕೆಗಳನ್ನು ಹುಡುಕುತ್ತದೆ. ಹೆಚ್ಚು ತಪ್ಪಾಗುವುದು ಇಲ್ಲೇ. ಇಂದಿನ ಗ್ರೀಕಿನಲ್ಲಿ ನೀರು ‘ನೆರೋ’. ಕನ್ನಡದ ‘ನೀರು’ವಿನ ಪಕ್ಕ ಇಟ್ಟರೆ ನಂಟು ಖಂಡಿತ ಎನಿಸುತ್ತದೆ, ಆದರೆ ಇಲ್ಲ. ಹಳೆಯ ಗ್ರೀಕಿನಲ್ಲಿ ನೀರಿಗೆ ಬೇರೆ ಪದವಿತ್ತು. ‘ತಾಜಾ ನೀರು’ ಎಂಬ ನುಡಿಗಟ್ಟಿನಿಂದ ನೀರು ಉದುರಿ, ‘ತಾಜಾ’ ಎಂಬ ಭಾಗ ಮಾತ್ರ ಉಳಿದು ‘ನೆರೋ’ ಆಯಿತು. ‘ನೀರು’ ದ್ರಾವಿಡದ್ದು: ತಮಿಳಿನ ‘ನೀರ್’, ತುಳುವಿನ ‘ನೀರ್’, ತೆಲುಗಿನ ‘ನೀರು’ ಅದರ ಒಡಹುಟ್ಟುಗಳು. ಬಲೂಚಿಸ್ತಾನದ ಬ್ರಾಹುಯಿಯಲ್ಲಿ ಅದು ‘ದೀರ್’.

ಇನ್ನೊಂದು ಬಲೆ ಪರ್ಷಿಯನ್ನಿನ ‘ಆಬ್’ ಮತ್ತು ರೊಮೇನಿಯನ್ನಿನ ‘ಆಪ’. ಪಂಜಾಬಿನ ಹೆಸರಲ್ಲಿರುವ ‘ಆಬ್’ ಸಂಸ್ಕೃತದ ‘ಆಪಃ’ಕ್ಕೆ ಹತ್ತಿರದ್ದು. ರೊಮೇನಿಯನ್ ಪದ ಬಂದದ್ದು ಲ್ಯಾಟಿನ್‌ನ ‘ಅಕ್ವಾ’ದಿಂದ. ಲ್ಯಾಟಿನ್‌ನ ‘ಕ್ವ’ ಹಲವು ಕಡೆ ಅಲ್ಲಿ ‘ಪ’ ಆಗಿದೆ, ನಾಲ್ಕು ಎಂಬ ‘ಕ್ವಾತ್ತುಓರ್’ ‘ಪಾತ್ರು’ ಆದಂತೆ. ನಂಟು ಹೇಳಬೇಕಾದರೆ ಹೀಗೆ ಒಂದೇ ದನಿಬದಲಾವಣೆ ಬೇರೆ ಪದಗಳಲ್ಲೂ ಕಾಣಬೇಕು. ತಮಿಳಿನ ‘ಪಾಲ್’ ಕನ್ನಡದಲ್ಲಿ ‘ಹಾಲು’, ‘ಪಲ್’ ‘ಹಲ್ಲು’ ಆಗುವುದೂ ಇದೇ ಬಗೆಯ ಸಾಕ್ಷಿ.

ಎಚ್ಚರಿಕೆಯಿಂದ ಹಿಡಿದ ಹೋಲಿಕೆ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೂ ನೀರೇ ಉದಾಹರಣೆ. ಇಂದಿನ ಟರ್ಕಿಯಲ್ಲಿ ಸಿಕ್ಕ ಮಣ್ಣಿನ ಹಲಗೆಗಳ ಮೇಲಿದ್ದ ಪ್ರಾಚೀನ ಹಿಟ್ಟೈಟ್ ಭಾಷೆಯನ್ನು ಚೆಕ್ ವಿದ್ವಾಂಸ ಬೆದ್ರಿಹ್ ಹ್ರೋಜ಼್ನಿ 1915ರಲ್ಲಿ ಬಿಡಿಸಿದರು. ರೊಟ್ಟಿಯ ಚಿಹ್ನೆಯಿದ್ದ ಒಂದು ವಾಕ್ಯದಲ್ಲಿ ‘ವಾತರ್’ ಎಂಬ ಪದವನ್ನು ನೀರು ಎಂದು ಗುರುತಿಸಿದ್ದು, ಅದು ಇಂಡೋ-ಯುರೋಪಿಯನ್ ಭಾಷೆ ಎಂದು ತೋರಿಸುವಲ್ಲಿ ನೆರವಾಯಿತು. ಆದರೂ ಅವರು ಒಂದು ಪದಕ್ಕೆ ನಿಲ್ಲಲಿಲ್ಲ, ವಿಭಕ್ತಿ ಮತ್ತು ಕ್ರಿಯಾಪದದ ರೂಪಗಳಿಂದಲೂ ಅದನ್ನು ಸ್ಥಾಪಿಸಿದರು. ನಿಮ್ಮ ಪಟ್ಟಿಯಲ್ಲಿ ‘ನಂಟು’ ಎಂಬ ಕಾಲಂ ಇಟ್ಟರೆ ಅದರಲ್ಲಿ ಮೂರು ಗುರುತು ಸಾಕು: ಒಂದೇ ಮೂಲ, ಎರವಲು, ಆಕಸ್ಮಿಕ. ಪದಮೂಲ ನಿಘಂಟು ನೋಡದೆ ಯಾವುದನ್ನೂ ತುಂಬಬೇಡಿ, ಖಾಲಿ ಬಿಡಿ.

ಮಾತಾಡುವವರಿಗೆ ತೋರಿಸುವಾಗ

ಸಿದ್ಧವಾದ ಸಾಲನ್ನು ಆ ಭಾಷೆಯವರಿಗೆ ತೋರಿಸಿ ‘ಸರಿಯೇ?’ ಎಂದರೆ ಹೆಚ್ಚಿನವರು ಸೌಜನ್ಯಕ್ಕೆ ಹೌದೆನ್ನುತ್ತಾರೆ. ಬದಲಿಗೆ ನಾಲ್ಕು ವಾಕ್ಯಗಳನ್ನು ಅವರ ಬಾಯಲ್ಲೇ ಹೇಳಿಸಿ, ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ, ಆಮೇಲೆ ಸಾಲು ತೋರಿಸಿ. ಅವರು ಯಾವ ಊರಿನ ಮಾತು ಆಡುತ್ತಾರೆ ಎಂದು ಬರೆದುಕೊಳ್ಳಿ, ಹೆಸರು ಬೇಕಿಲ್ಲ. ಇಬ್ಬರು ಬೇರೆಬೇರೆ ಹೇಳಿದರೆ ಬಹುಮತದಿಂದ ತೀರ್ಮಾನಿಸದೆ ಎರಡನ್ನೂ ಊರಿನೊಂದಿಗೆ ಸೇರಿಸಿ. ಒಬ್ಬರೂ ಸಿಗದ ಭಾಷೆಯ ಸಾಲಿಗೆ ‘ನಿಘಂಟಿನಿಂದ ಮಾತ್ರ’ ಎಂದು ಗುರುತು ಹಾಕಿ, ಪರಿಶೀಲಿಸಿದ ದಿನಾಂಕವನ್ನು ಕೊನೆಯ ಕಾಲಂನಲ್ಲಿ ಬರೆಯಿರಿ.